ವೆಸ್ ಕೂರುತ್ತಿದ್ದ ಜಾಗ

ನಮ್ಮ ಕ್ರೀಡಾಂಗಣದಲ್ಲಿ ಕುರ್ಚಿಗಳಿಲ್ಲ. ಉದ್ದಕ್ಕೂ ಅಲ್ಯೂಮಿನಿಯಮ್ ಬೆಂಚು, ಅದರ ಮೇಲೆ ಬಣ್ಣದಲ್ಲಿ ಬರೆದ ನಂಬರು, ನಂಬರಿನ ಎರಡೂ ಕಡೆ ಒಂದೊಂದು ಗೆರೆ. ಎರಡು ಗೆರೆಗಳ ನಡುವಿನದು ಒಬ್ಬರ ಜಾಗ. ಯಾರಾದರೂ ಬರದಿದ್ದರೆ ಸಾಲಿನವರು ಸ್ವಲ್ಪ ಸ್ವಲ್ಪವೇ ಹರಡಿಕೊಳ್ಳುತ್ತಾರೆ. ಬೇಕೆಂದು ಯಾರೂ ಮಾಡುವುದಿಲ್ಲ. ಕೋಟು, ಕಂಬಳಿ, ಕಾಫಿಯ ಫ್ಲಾಸ್ಕು ಒಂದೊಂದಾಗಿ ಈಚೆಗೆ ಜರುಗುತ್ತವೆ.

ನನ್ನ ಗಂಡ ವೆಸ್ ಹೋದದ್ದು ಫೆಬ್ರವರಿಯಲ್ಲಿ, ಹಿಮಗಟ್ಟಿದ್ದ ಹೆದ್ದಾರಿಯಲ್ಲಿ ಅವನಿದ್ದ ಕಾರು ಜಾರಿದ ಒಂದು ಬೆಳಿಗ್ಗೆ. ಸೆಪ್ಟೆಂಬರಿನಲ್ಲಿ ಕಾಲೇಜಿನ ಫುಟ್‌ಬಾಲ್, ಚೆಂಡು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಆಟ, ಶುರುವಾಗುವ ಹೊತ್ತಿಗೆ ಎರಡು ಟಿಕೆಟ್ಟೂ ನನ್ನ ಹೆಸರಿಗೆ ಬಂದಿದ್ದವು. ಇಡೀ ಋತುವಿನ ಟಿಕೆಟ್ಟು. ಅವನ ಅಪ್ಪನಿಂದ ಅವನಿಗೆ, ಅವನಿಂದ ನನಗೆ. ಸಾವಿನ ಮನೆಗೆ ಬಂದವರು ನಮ್ಮೂರಿನಲ್ಲಿ ಹೊಲಕ್ಕಿಂತ ಮೊದಲು ಟಿಕೆಟ್ಟು ಯಾರಿಗೆ ಎಂದು ಕೇಳುತ್ತಾರೆ.

ಮೊದಲ ಆಟಕ್ಕೆ ಒಬ್ಬಳೇ ಹೋದೆ. ಸಾಲಿನ ಅಂಚಿನಲ್ಲಿ ನಾನು, ಪಕ್ಕದಲ್ಲಿ ವೆಸ್‌ನ ಜಾಗ, ಅದರಾಚೆ ಮರ್ಲ್, ಅವರಾಚೆ ಅವರ ಹೆಂಡತಿ ಡೊನೆಟ್. ಮರ್ಲ್ ಟ್ರ್ಯಾಕ್ಟರ್ ಅಂಗಡಿ ಇಟ್ಟಿದ್ದವರು, ಈಗ ನಿವೃತ್ತರು. ದೊಡ್ಡ ದೇಹ. ವೆಸ್ ಹುಡುಗನಾಗಿ ಅಪ್ಪನ ಜೊತೆ ಬರುತ್ತಿದ್ದಾಗಿನಿಂದ ಅವನ ಪಕ್ಕದಲ್ಲೇ ಕೂತವರು.

"ಹೇಗಿದ್ದೀಯಮ್ಮಾ ಇಂಗ್ರಿಡ್?" ಎಂದರು.

"ಚೆನ್ನಾಗಿದ್ದೀನಿ."

"ಹ್ಞೂಂ. ಗಾಳಿ ಜಾಸ್ತಿ ಇವತ್ತು."

ಅಷ್ಟೇ. ವೆಸ್‌ನ ಹೆಸರನ್ನು ಯಾರೂ ಎತ್ತಲಿಲ್ಲ. ಊರಿನಲ್ಲೂ ಯಾರೂ ಎತ್ತುವುದಿಲ್ಲ. ನನಗೆ ನೋವಾಗಬಾರದೆಂದು. ಮಧ್ಯಂತರದ ಹೊತ್ತಿಗೆ ಮರ್ಲ್ ಅವರ ತೊಡೆ ಗೆರೆ ದಾಟಿತ್ತು, ಡೊನೆಟ್‌ಳ ಕಂಬಳಿಯ ಅಂಚು ನಂಬರಿನ ಮೇಲೆ ಬಿದ್ದಿತ್ತು. ಆಟ ಮುಗಿಯುವಷ್ಟರಲ್ಲಿ ಜಾಗವೇ ಇರಲಿಲ್ಲ.

ಸೋಮವಾರ ಟ್ರೀನಾಗೆ ಫೋನ್ ಮಾಡಿದೆ. ಅವಳು ಊರಿನ ಮಕ್ಕಳ ಕ್ಲಬ್ಬು ನಡೆಸುತ್ತಾಳೆ. ಟಿಕೆಟ್ಟು ಕೊಳ್ಳಲಾಗದ ಮನೆಗಳ ಮಕ್ಕಳು ಆಟ ನೋಡಲಿ ಎಂದು ಜನ ತಮ್ಮ ಟಿಕೆಟ್ಟುಗಳನ್ನು ಅವಳಿಗೆ ಕೊಡುತ್ತಾರೆ.

"ಒಂದೇ ಟಿಕೆಟ್ಟಾ?" ಎಂದಳು.

"ಒಂದೇ. ಇನ್ನೊಂದರಲ್ಲಿ ನಾನು ಕೂರ್ತೀನಿ. ಉಳಿದ ಆಟಕ್ಕೆಲ್ಲ ಯಾರನ್ನಾದ್ರೂ ಕಳ್ಸು."

"ನಮ್ಮ ಮಕ್ಕಳೆಲ್ಲ ಮೇಲುಗಡೆ ಒಟ್ಟಿಗೆ ಕೂರ್ತಾರೆ. ಆದ್ರೂ ನಿನ್ನ ಪಕ್ಕ ಅಂದ್ರೆ ಭಯ ಇಲ್ಲ. ಕರ್ಕೊಂಡು ಬಂದು ಬಿಡ್ತೀನಿ, ಮುಗಿದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ. ಎಂಥಾ ಒಳ್ಳೇ ಮನಸ್ಸು ಕಣೇ ನಿಂದು! ಇಂಥಾ ಹೊತ್ತಲ್ಲೂ..."

ನಾನು ತಿದ್ದಲಿಲ್ಲ. ನನಗೆ ಬೇಕಾಗಿದ್ದದ್ದು ಆ ಎರಡು ಗೆರೆಗಳ ನಡುವೆ ಕೂರುವ ಒಂದು ದೇಹ. ಸಣ್ಣದಾದರೆ ಇನ್ನೂ ಒಳ್ಳೆಯದು. ಮಾತಾಡದ ಮಗುವಾದರೆ ಎಲ್ಲಕ್ಕಿಂತ ಒಳ್ಳೆಯದು.

ಬಂದವಳು ನ್ಯಾಮಲ್. ಏಳನೇ ಕ್ಲಾಸು, ಉದ್ದನೆಯ ಕಾಲು, ನೀಟಾಗಿ ಹೆಣೆದ ಜಡೆಗಳು. ಅವಳ ಅಮ್ಮ ಮಾಂಸದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾಳೆ. ಸೂಡಾನಿನಿಂದ ಬಂದ ಕುಟುಂಬಗಳು ನಮ್ಮೂರಿನಲ್ಲಿ ಬಹಳ ಇವೆ. ಕೂತವಳೇ ಕಾಲು ಚಾಚಿ ಸುತ್ತ ನೋಡಿದಳು.

"ಮಿಸ್, ಆ ದಪ್ಪ ಹುಡುಗರೆಲ್ಲ ಯಾಕೆ ಒಬ್ಬರ ಮೇಲೊಬ್ಬರು ಬಿದ್ರು?"

"ಚೆಂಡು ಕೆಳಗಡೆ ಇದೆ."

"ಎದ್ದು ಕೇಳಿದ್ರೆ ಕೊಡ್ತಿರ್ಲಿಲ್ವಾ?"

ಮರ್ಲ್ ನಕ್ಕರು. ಈ ವರ್ಷ ಅವರ ನಗು ನಾನು ಕೇಳಿದ್ದು ಅದೇ ಮೊದಲು. "ಬಾ ಮರಿ, ಹೇಳ್ಕೊಡ್ತೀನಿ. ನಾಲ್ಕು ಸಲ ಬಿಡ್ತಾರೆ ಅವರಿಗೆ. ನಾಲ್ಕು ಯತ್ನದಲ್ಲಿ ಆ ಕಿತ್ತಳೆ ಕಂಬ ದಾಟ್ಬೇಕು. ಎದುರಾಳಿದು ಮೂರನೇ ಯತ್ನ ಬಂತು ಅಂದ್ರೆ ನಾವೆಲ್ಲ ಬೀಗದ ಕೈ ಅಲ್ಲಾಡಿಸ್ಬೇಕು. ಅವರ ಕಿವಿ ಕಿತ್ತೋಗೋ ಹಾಗೆ."

"ನನ್ನತ್ರ ಬೀಗದ ಕೈ ಇಲ್ವಲ್ಲ."

ಮರ್ಲ್ ತಮ್ಮ ಗೊಂಚಲನ್ನೇ ಕೊಟ್ಟುಬಿಟ್ಟರು. ನನ್ನ ಜೇಬಿನಲ್ಲಿ ವೆಸ್‌ನ ಪಿಕಪ್ ಟ್ರಕ್ಕಿನ ಬೀಗದ ಕೈ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದೆ, ಹೊರಗೆ ತೆಗೆಯಲಿಲ್ಲ.

ಆಮೇಲೆ ಅವಳು ಕೇಳಿದಳು. "ಇದು ಯಾರ ಜಾಗ? ಮೊದಲು ಯಾರು ಕೂರ್ತಿದ್ರು?"

ಡೊನೆಟ್ ಹೆಣಿಗೆ ನಿಲ್ಲಿಸಿದಳು. ಮರ್ಲ್ ನನ್ನ ಕಡೆ ನೋಡಿದರು. ನಾನು ಮೈದಾನ ನೋಡುತ್ತಿದ್ದೆ.

"ವೆಸ್ ಅಂತ," ಎಂದರು ಮರ್ಲ್, ದನಿ ತಗ್ಗಿಸಿ. "ಈ ಮೇಡಮ್ಮಿನ ಗಂಡ. ತೀರ್ಕೊಂಡ."

"ಓ. ಹೇಗಿದ್ರು?"

ಏಳು ತಿಂಗಳಿಂದ ನನ್ನನ್ನು ಯಾರೂ ಕೇಳದ, ನನಗೆ ಯಾರೂ ಹೇಳದ ಮಾತು. ಮರ್ಲ್ ಹೇಳತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ತಡೆಯಿಲ್ಲದೆ. ಹುಡುಗನಾಗಿ ಬಂದ ಮೊದಲ ವರ್ಷ ವೆಸ್ ಕುಣಿಯುತ್ತಾ ಬೆಂಚಿನ ಸಂದಿಯಿಂದ ತನ್ನ ಶೂ ಕೆಳಗೆ ಬೀಳಿಸಿದ್ದು. ಕೆಳಗೆ ನಿಂತು ಬೀನ್ಸ್ ಗೊಜ್ಜು ತಿನ್ನುತ್ತಿದ್ದವನೊಬ್ಬನ ಬಟ್ಟಲಿಗೆ ಅದು ನೇರ ಬಿದ್ದದ್ದು. ಆ ಮನುಷ್ಯ ಶೂ ಹಿಡಿದುಕೊಂಡು ಸಾಲು ಸಾಲು ಹುಡುಕಿ ಮೇಲೆ ಬಂದಾಗ ವೆಸ್ ಡೊನೆಟ್‌ಳ ಕಂಬಳಿಯೊಳಗೆ ಅಡಗಿದ್ದು.

"ಕಾಲು ಹೊರಗಿತ್ತು ಕಣೇ," ಎಂದಳು ಡೊನೆಟ್. "ಒಂದರಲ್ಲಿ ಶೂ ಇದೆ, ಒಂದರಲ್ಲಿ ಇಲ್ಲ!"

ನ್ಯಾಮಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಗುವಂತೆ ಮುಖ ಮಾಡಿದೆ. ಆರು ವರ್ಷ ಅವನ ಜೊತೆ ಸಂಸಾರ ಮಾಡಿದ್ದೆ. ಈ ಶೂವಿನ ಕಥೆ ನನಗೆ ಗೊತ್ತಿರಲಿಲ್ಲ. ಹೇಳುವುದಕ್ಕೆ ಮುಂದೆ ಬೇಕಾದಷ್ಟು ಸಮಯವಿದೆ ಎಂದುಕೊಂಡಿದ್ದನೇನೋ. ಈಗ ಅದು ಬಿಸಿಬಿಸಿಯಾಗಿ ಇವಳ ಮಡಿಲಿಗೆ ಬಿತ್ತು. ನನಗೆ ಪಕ್ಕದಲ್ಲಿ ಕೂತು ಕದ್ದು ಕೇಳುವ ಪಾಡು.

ಎರಡನೇ ಸಲ ನ್ಯಾಮಲ್ ಬಂದಾಗ ಡೊನೆಟ್ ಚೀಲದಿಂದ ಹಸಿರು ಉಣ್ಣೆಯ ಟೋಪಿ ತೆಗೆದು ಅವಳ ತಲೆಗೆ ಹಾಕಿದಳು. ಸಾಲಿನವರಿಗೆಲ್ಲ ಅವಳು ಅಂಥದ್ದೊಂದು ಹೆಣೆದುಕೊಡುತ್ತಾಳೆ. ನನಗೆ ಅದು ಸಿಕ್ಕಿದ್ದು ಮದುವೆಯಾಗಿ ಮೂರನೇ ವರ್ಷ.

ಚಳಿ ಹೆಚ್ಚಿತ್ತು. ಎಲ್ಲರಿಗೂ ಕೋಕೋ ತರುತ್ತೇನೆಂದು ಹೋದೆ. ತಟ್ಟೆ ಹಿಡಿದು ಮೆಟ್ಟಿಲಿಳಿಯುವಾಗ ನೋಡಿದರೆ ಮೂವರೂ ತಲೆ ಸೇರಿಸಿಕೊಂಡಿದ್ದರು. ನ್ಯಾಮಲ್ ನನ್ನ ಜಾಗದಲ್ಲಿ ಬಗ್ಗಿ ಬೆಂಚಿನ ಅಡಿಗೆ ಕೈ ಹಾಕಿದ್ದಳು. ಡೊನೆಟ್ ನನ್ನನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದಳು.

"ಏನು?" ಎಂದೆ.

"ಏನಿಲ್ಲಮ್ಮ," ಎಂದರು ಮರ್ಲ್. "ಆಟದ ವಿಷ್ಯ."

ನ್ಯಾಮಲ್ ತುಟಿ ಬಿಗಿಹಿಡಿದು ಕೋಕೋ ಕುಡಿದಳು. ಅವಳ ಹತ್ತಿರ ನನ್ನ ಗಂಡನ ಏನೋ ಒಂದು ಇತ್ತು. ನನ್ನ ಹತ್ತಿರ ಇರಲಿಲ್ಲ. ಉಳಿದ ಹೊತ್ತೆಲ್ಲ ನಾನು ಆಟ ನೋಡಲಿಲ್ಲ. ಆ ಟೋಪಿ ನೋಡುತ್ತಿದ್ದೆ.

ಮತ್ತೆ ಟ್ರೀನಾಗೆ ಫೋನ್ ಮಾಡಿದೆ.

"ಒಬ್ಬಳೇ ಯಾಕೆ ಬರ್ಬೇಕು? ಬೇರೆ ಮಕ್ಕಳಿಗೂ ಸಿಗಲಿ. ಪ್ರತಿ ಸಲ ಬೇರೆಯವರನ್ನ ಕಳ್ಸು."

"ಅವಳಿಗೆ ಅಲ್ಲಿ ತುಂಬಾ ಇಷ್ಟ ಆಗಿದೆ ಕಣೇ. ವಾರವೆಲ್ಲ ಅದೇ ಮಾತು."

"ಇರಬಹುದು. ನ್ಯಾಯ ಅಂತ ಒಂದು ಇದೆಯಲ್ಲ."

"ಅದೂ ನಿಜ," ಎಂದಳು ಟ್ರೀನಾ. "ನೀನು ಎಲ್ಲರ ಬಗ್ಗೆನೂ ಯೋಚ್ನೆ ಮಾಡ್ತೀಯ."

ವಿಶ್ವವಿದ್ಯಾಲಯದ ಬೀಜ ಪರೀಕ್ಷೆಯ ಕೋಣೆಯಲ್ಲಿ ನನ್ನ ಕೆಲಸ. ಒದ್ದೆ ಕಾಗದದ ಮೇಲೆ ಬೀಜ ಹರಡಿ ಮೊಳಕೆ ನೋಡುತ್ತೇನೆ. ಅಲ್ಲಿ ಯಾರೊಡನೆಯೂ ಮಾತಾಡಬೇಕಿಲ್ಲ. ಸಂಜೆ ವೆಸ್‌ನ ಟ್ರಕ್ಕಿನಲ್ಲಿ ಮನೆಗೆ ಹೊರಟಾಗ, ಧಾನ್ಯದ ಉಗ್ರಾಣದ ಹತ್ತಿರ ತಿರುಗಿದ ಮೇಲೆ, ಅವನಿಗೆ ಆ ದಿನದ ಸುದ್ದಿ ಹೇಳುತ್ತೇನೆ. ಬಹಳ ಸಭ್ಯವಾಗಿ ಹೇಳುತ್ತೇನೆ. ದೂರದ ನೆಂಟರಿಗೆ ಹೇಳುವ ಹಾಗೆ. ಟ್ರೀನಾಗೆ ಫೋನ್ ಮಾಡಿದ್ದನ್ನು ಹೇಳಲಿಲ್ಲ.

ಮುಂದಿನ ಆಟಕ್ಕೆ ಬಂದ ಹುಡುಗ ಫೋನಿನಲ್ಲಿ ಮುಳುಗಿ ಕೂತ. ಗೆರೆಗಳ ನಡುವೆ ಸರಿಯಾಗಿ ಕೂತ. ನಾನು ಕೇಳಿದ್ದು ಅದನ್ನೇ.

"ಎಲ್ಲಿ ನಮ್ಮ ಹುಡುಗಿ?" ಎಂದಳು ಡೊನೆಟ್.

"ಏನೋ ಕೆಲಸ ಇತ್ತೇನೋ," ಎಂದೆ.

ಮರ್ಲ್ ಅವಳಿಗೆಂದು ಹಳೆಯ ಬೀಗದ ಕೈಗಳ ಗೊಂಚಲೊಂದನ್ನು ತಂದಿದ್ದರು. ಅದನ್ನು ಮತ್ತೆ ಕೋಟಿನ ಜೇಬಿಗೆ ಹಾಕಿಕೊಂಡು, "ಗಾಳಿ ಜಾಸ್ತಿ ಇವತ್ತು," ಎಂದರು. ವೆಸ್‌ನ ಮಾತು ಬರಲಿಲ್ಲ. ಅದರ ಮುಂದಿನ ಆಟದಲ್ಲೂ ಬರಲಿಲ್ಲ. ಅವನ ಬಗ್ಗೆ ಕೇಳುವವಳನ್ನು ನಾನೇ ಕಳಿಸಿಬಿಟ್ಟಿದ್ದೆ. ನಾನಾಗಿ ಕೇಳಲು ನಾಲಿಗೆ ಏಳಲಿಲ್ಲ. ಪ್ರತಿ ಸಲ ಕೂರುವಾಗಲೂ ಅವಳು ಬೆಂಚಿನ ಅಡಿಗೆ ಕೈ ಹಾಕಿದ್ದು ನೆನಪಾಗುತ್ತಿತ್ತು. ನಾನು ಕೈ ಹಾಕಲಿಲ್ಲ. ಏನೆಂದು ತಿಳಿಯದೆ ಬರೀ ತಡವಿ ಏನು ಮಾಡುವುದು?

ನವೆಂಬರಿನಲ್ಲಿ ಕೊನೆಯ ಆಟ. ಅದು ಮುಗಿದರೆ ಮುಂದಿನ ಸೆಪ್ಟೆಂಬರಿನವರೆಗೆ ಬೆಂಚುಗಳ ಮೇಲೆ ಹಿಮವಷ್ಟೇ. ಮರ್ಲ್ ಆ ಚಳಿಗಾಲ ಮಂಡಿಯ ಆಪರೇಷನ್ ಮಾಡಿಸಿಕೊಳ್ಳುವವರಿದ್ದರು. ಇಷ್ಟು ಮೆಟ್ಟಿಲು ಮತ್ತೆ ಹತ್ತುತ್ತಾರೋ ಇಲ್ಲವೋ. ಮಧ್ಯಂತರದಲ್ಲಿ ಬ್ಯಾಂಡು ಮೈದಾನಕ್ಕೆ ಇಳಿದಾಗ ನಾನು ಎದ್ದು ಮೇಲಿನ ಅಂತಸ್ತಿಗೆ ಹೋದೆ.

ಹಸಿರು ಟೋಪಿ ದೂರದಿಂದಲೇ ಕಂಡಿತು. ನ್ಯಾಮಲ್ ಚೀಸ್ ಸುರಿದ ಚಿಪ್ಸ್ ತಿನ್ನುತ್ತಿದ್ದಳು. ನನ್ನನ್ನು ನೋಡಿಯೂ ತಿನ್ನುವುದನ್ನು ನಿಲ್ಲಿಸಲಿಲ್ಲ.

"ನ್ಯಾಮಲ್, ಒಂದು ಮಾತು ಕೇಳ್ಬೇಕಿತ್ತು."

"ನೀವೇ ಬೇಡ ಅಂದಿದ್ದಲ್ವಾ ಮಿಸ್?"

"ಬೇರೆಯವರಿಗೂ ಸಿಗಲಿ ಅಂತ..."

"ಟ್ರೀನಾ ಹಾಗೇ ಹೇಳಿದ್ರು." ಅವಳು ಬೆರಳು ನೆಕ್ಕಿದಳು. "ನಾನೇನು ಮಾಡ್ದೆ?"

"ಏನೂ ಮಾಡ್ಲಿಲ್ಲ."

"ಹೊಟ್ಟೆಕಿಚ್ಚಾ?"

ಪಕ್ಕದ ಮಕ್ಕಳು ತಿರುಗಿ ನೋಡಿದರು.

"ಹೌದು," ಎಂದೆ.

ಅವಳು ತಲೆಯಾಡಿಸಿದಳು. ಇದೊಂದು ಸಾಮಾನ್ಯ ವಿಷಯ ಎಂಬಂತೆ. "ನನ್ನ ತಂಗಿಗೂ ಇದೆ. ಈ ಟೋಪಿ ಮೇಲೆ. ನಾನು ಮಲಗಿದಾಗ ಹಾಕ್ಕೊಳ್ತಾಳೆ." ಚಿಪ್ಸ್ ಪಕ್ಕದವನ ಕೈಗೆ ಕೊಟ್ಟಳು. "ಏನು ಕೇಳ್ಬೇಕಿತ್ತು?"

"ಆ ದಿನ ನಾನು ಕೋಕೋ ತರೋಕೆ ಹೋದಾಗ ಮರ್ಲ್ ಏನು ಹೇಳಿದ್ರು?"

"ಹೇಳ್ಬಾರ್ದು ಅಂದಿದಾರೆ."

"ನನ್ನ ಗಂಡ ಕಣೇ ಅವನು."

"ಹೇಳಿದ್ರೆ ಕೆಳಗೆ ಕರ್ಕೊಂಡು ಹೋಗ್ತೀರಾ? ಮರ್ಲ್ ನಂಗೆ ಬೀಗದ ಕೈ ಕೊಡ್ತೀನಿ ಅಂದಿದ್ರು."

"ಆಯ್ತು."

"ಮುಂದಿನ ವರ್ಷಾನೂ?"

"ಮೊದಲು ಹೇಳು ನೋಡೋಣ."

"ನಿಮಗಿಂತ ಮುಂಚೆ ಇನ್ನೊಬ್ಳು ಬರ್ತಿದ್ಲಂತೆ. ಕೆಲ್ಸಿ ಅಂತ. ನಿಮ್ಮ ಜಾಗದಲ್ಲೇ ಕೂರ್ತಿದ್ಲಂತೆ. ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹೊಡೆದ್ರೆ ಆಚೆ ಕಡೆಯವರು ತಿರುಗಿ ನೋಡ್ತಿದ್ರಂತೆ. ವೆಸ್ ಅವಳ ಹೆಸರಿನ ಮೊದಲ ಅಕ್ಷರ ಟ್ರಕ್ಕಿನ ಬೀಗದ ಕೈಯಿಂದ ಬೆಂಚಿನ ಅಡಿ ಕೆರೆದಿದಾರೆ. ನಾನು ಮುಟ್ಟಿ ನೋಡ್ದೆ. ಇದೆ."

ಕೆಳಗೆ ಬ್ಯಾಂಡು ಜೋರಾಗಿ ನುಡಿಸುತ್ತಿತ್ತು.

"ನನ್ನ ಹೆಸರು?" ಎಂದೆ. "ನನ್ನ ಅಕ್ಷರ ಇದೆಯಾ ಅಲ್ಲಿ?"

ನ್ಯಾಮಲ್ ನನ್ನ ಮುಖ ನೋಡಿದಳು. ಸುಳ್ಳು ಹೇಳಬೇಕೆಂದು ಅವಳಿಗೂ ಅನ್ನಿಸಿತೆಂದು ಕಾಣುತ್ತದೆ. ಹೇಳಲಿಲ್ಲ. "ಅದೊಂದೇ ಇರೋದು ಮಿಸ್."

ಟ್ರೀನಾಗೆ ಹೇಳಿ ಅವಳನ್ನು ಕರೆದುಕೊಂಡು ಬಂದೆ. ಕೂತವಳೇ ಕೈಗವಸು ತೆಗೆದು ಬೆಂಚಿನ ಅಡಿಗೆ ಕೈ ಹಾಕಿದೆ. ತಣ್ಣನೆಯ ತಗಡು. ಅಂಚಿನಿಂದ ಸ್ವಲ್ಪ ಒಳಗೆ ಬೆರಳಿಗೆ ಸಿಕ್ಕಿತು. ಒಂದು ನೆಟ್ಟಗಿನ ಗೆರೆ, ಅದಕ್ಕೆ ಎರಡು ಓರೆ ಗೆರೆ. ಇಂಗ್ಲಿಷಿನ K. ಆಳವಾಗಿ, ತಾಳ್ಮೆಯಿಂದ ಕೆರೆದದ್ದು. ಆರು ವರ್ಷ ನಾನು ಅದರ ಮೇಲೆ ಕೂತಿದ್ದೆ. ಅವನು ಪಕ್ಕದಲ್ಲಿ ಕೂತು, ನನ್ನ ಮಂಡಿಯ ಮೇಲೆ ಕೈಯಿಟ್ಟು, ಕಡಲೆಕಾಯಿ ಸುಲಿದುಕೊಡುತ್ತಿದ್ದ.

"ಮರ್ಲ್," ಎಂದೆ. "ಕೆಲ್ಸಿ ಯಾರು?"

ಮರ್ಲ್ ಕಾಫಿ ನೆತ್ತಿಗೇರಿಸಿಕೊಂಡರು. ಡೊನೆಟ್ ಅವರ ಬೆನ್ನು ಗುದ್ದುತ್ತಾ, "ನಾನು ಹೇಳ್ಲಿಲ್ವಾ, ಮಗುವಿನ ಹತ್ರ ಹೇಳ್ಬೇಡಿ ಅಂತ!" ಎಂದಳು.

"ಹಳೇ ಮಾತಮ್ಮ," ಎಂದರು ಮರ್ಲ್, ಉಸಿರು ಸಿಕ್ಕಿದ ಮೇಲೆ. "ನಿನ್ನ ಗುರುತೇ ಇರ್ಲಿಲ್ಲ ಆಗ ಅವನಿಗೆ. ಎರಡು ಋತು ಬಂದಿದ್ಲು. ಆಮೇಲೆ ಒರೆಗಾನ್ ಕಡೆ ಎಲ್ಲೋ ಹೋದ್ಲು."

"ನನಗಿಂತ ಚೆನ್ನಾಗಿದ್ಳಾ?"

"ಇಂಗ್ರಿಡ್..."

"ಹೇಳಿ. ಒಂಬತ್ತು ತಿಂಗಳಿಂದ ಗಾಳಿ ಬಗ್ಗೆನೇ ಕೇಳಿದ್ದೀನಿ ನಿಮ್ಮ ಬಾಯಲ್ಲಿ."

ಮರ್ಲ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಕೂಗೋದ್ರಲ್ಲಿ ಹೌದು. ನೀನು ಕೂತ್ರೆ ಇದೀಯೋ ಇಲ್ವೋ ಗೊತ್ತಾಗಲ್ಲ. ಅವಳು ಹೋದಾಗ ಅವನು ಆ ವರ್ಷದ ಕೊನೇ ಎರಡು ಆಟಕ್ಕೆ ಬರ್ಲೇ ಇಲ್ಲ."

ಎರಡು ಆಟ. ನನಗೆ ಸಿಟ್ಟು ಏರಿತು. ನಾನು ಜ್ವರದಿಂದ ಮಲಗಿದ್ದ ದಿನವೂ ಆಟ ತಪ್ಪಿಸದವನು. ಫೆಬ್ರವರಿಯಿಂದ ನನಗೆ ಇಂಥದ್ದು ಯಾವುದೂ ಏರಿರಲಿಲ್ಲ. ಶವಪೆಟ್ಟಿಗೆಯ ಹೂವಿನ ಮುಂದೆಯೂ ಇಲ್ಲ, ಚರ್ಚಿನಲ್ಲೂ ಇಲ್ಲ. "ಇನ್ನೂ ಹೇಳಿ," ಎಂದೆ. "ಎಲ್ಲಾ ಹೇಳಿ."

ಅಷ್ಟರಲ್ಲಿ ಆ ದಿನ ವೆಸ್‌ನ ಜಾಗಕ್ಕೆ ಬಂದಿದ್ದ ಹುಡುಗ ಪಾಪ್‌ಕಾರ್ನ್ ಹಿಡಿದು ವಾಪಸು ಬಂದ. ತನ್ನ ನಂಬರಿನ ಮೇಲೆ ನ್ಯಾಮಲ್ ಕೂತಿರುವುದನ್ನು ನೋಡಿ ನಿಂತ.

"ಜರುಗ್ರೋ ಎಲ್ಲಾ," ಎಂದರು ಮರ್ಲ್, ಸಾಲಿಗೆಲ್ಲ ಕೇಳುವಂತೆ. "ಹೊಟ್ಟೆ ಒಳಗೆ ಎಳ್ಕೊಳ್ಳಿ! ಡೊನೆಟ್, ನಿನ್ನ ಕಂಬಳಿ ಎತ್ತೇ."

"ಮೊದಲು ನೀವು ಎಳ್ಕೊಳ್ಳಿ, ಆಗ ಊರಿಗೇ ಜಾಗ ಆಗತ್ತೆ," ಎಂದಳು ಡೊನೆಟ್.

ಸಾಲು ಆ ತುದಿಯವರೆಗೂ ಗೊಣಗುತ್ತಾ ಜರುಗಿತು. ಹುಡುಗ ಕೂತ. ನ್ಯಾಮಲ್‌ಳ ಮೊಣಕೈ ನನ್ನ ಪಕ್ಕೆಗೆ ಒತ್ತಿತು. ಮರ್ಲ್ ಹಳೆಯ ಗೊಂಚಲನ್ನು ಅವಳ ಕೈಗೆ ಹಾಕಿದರು. ಎದುರಾಳಿಯ ಮೂರನೇ ಯತ್ನ ಬಂದಾಗ ಅವಳು ಒಂದು ಕೈಯಲ್ಲಿ ಅದನ್ನು ಅಲ್ಲಾಡಿಸುತ್ತಾ ಇನ್ನೊಂದು ಕೈಯ ಎರಡು ಬೆರಳನ್ನು ಬಾಯಲ್ಲಿಟ್ಟಳು. ಬರೀ ಗಾಳಿ ಬಂತು.

"ನಾಲಿಗೆ ಮಡಚ್ಬೇಕು ಮರಿ," ಎಂದರು ಮರ್ಲ್. "ಅವಳು ಹಾಗೆ ಮಾಡ್ತಿದ್ಲು."

ನಾನು ಟ್ರಕ್ಕಿನ ಬೀಗದ ಕೈ ತೆಗೆದು, ತೋಳು ನೋಯುವಷ್ಟು ಅಲ್ಲಾಡಿಸಿದೆ. "ನನಗೂ ಹೇಳ್ಕೊಡಿ," ಎಂದೆ.

ಆಟ ಮುಗಿದ ಮೇಲೆ ಟ್ರೀನಾ ಬಂದಳು. ಮುಂದಿನ ವರ್ಷವೂ ಟಿಕೆಟ್ಟು ಕೊಡುತ್ತೇನೆ, ನ್ಯಾಮಲ್‌ಳನ್ನೇ ಕಳಿಸು ಎಂದೆ. "ಹಾಗಾದ್ರೆ ನ್ಯಾಯ?" ಎಂದಳು. ಅದನ್ನು ಆಮೇಲೆ ನೋಡೋಣ ಎಂದೆ.

ಟ್ರಕ್ಕು ಹೊರಡಿಸಿದಾಗ ಇನ್ನೂ ಬೆಳಕಿತ್ತು. ಅಕ್ಷರ ಕೆರೆದ ಬೀಗದ ಕೈ ಇದೇ ಇರಬೇಕು, ಹಲ್ಲು ಸವೆದಿತ್ತು. ಧಾನ್ಯದ ಉಗ್ರಾಣದ ಹತ್ತಿರ ತಿರುಗಿದೆ. ಸುದ್ದಿ ಬೇಕಾದಷ್ಟಿತ್ತು. ಹೇಳಲಿಲ್ಲ. ಅವನೇ ಮೊದಲು ಮಾತಾಡಲಿ ಎಂದು ಮನೆಯವರೆಗೂ ಸುಮ್ಮನಿದ್ದೆ.