ದರ್ಜಿಯಮ್ಮನ ಫೋಟೋ

ಹದಿನೆಂಟು ತಿಂಗಳು ಆ ಹಳ್ಳಿಯಲ್ಲಿ ಕಳೆದ ಮೇಲೆ ಅವಳಿಗೆ ನಾಲ್ಕು ವಾರದ ರಜೆ ಸಿಕ್ಕಿತು. ಸಂಬಳವಿಲ್ಲದ ಸೇವೆಗೆಂದು ಕಡಲು ದಾಟಿ ಹೋಗಿದ್ದವಳು. ಊರವರ ಕಣ್ಣು ಪರೀಕ್ಷಿಸಿ, ಗಾಜನ್ನು ಚೌಕಟ್ಟಿನ ಅಳತೆಗೆ ಸಾಣೆ ಹಿಡಿದು, ಕನ್ನಡಕ ಕೂರಿಸಿಕೊಡುವುದು ಅವಳ ಕೆಲಸ. ಅವಳ ಹೆಸರು ಅಲ್ಲಿಯವರ ನಾಲಿಗೆಗೆ ಹೊರಳಲಿಲ್ಲ. ಹೋದ ಮೊದಲ ತಿಂಗಳಲ್ಲೇ ಅವಳು ಎಲ್ಲರಿಗೂ ಕನ್ನಡಕದಕ್ಕ ಆಗಿಬಿಟ್ಟಳು.

ಇದ್ದದ್ದು ದರ್ಜಿಯಮ್ಮನ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳು ಕೂತು ಹರಟುವ ಬೆಂಚು. ಹಿಂದಿನ ಕೋಣೆ ಅವಳದು: ಒಂದು ಮಂಚ, ಗೋಡೆಗೆ ಅಕ್ಷರದ ಪಟ್ಟಿ, ಕಿಟಕಿಯ ಪಕ್ಕ ಕೈಯಿಂದ ತಿರುಗಿಸುವ ಸಾಣೆಕಲ್ಲು. ನಡುವೆ ಅಡುಗೆಮನೆ. ಅಲ್ಲಿ ಇಬ್ಬರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುತ್ತಿದ್ದರು. ದರ್ಜಿಯಮ್ಮ ಅರವತ್ತು ದಾಟಿದ ಗಟ್ಟಿಗಿತ್ತಿ. ಗಂಡ ಹೋದ ಮೇಲೆ ಅದೇ ಯಂತ್ರದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಸೇತುವೆಯ ಆಚೆಯಿಂದ ಬರುತ್ತಿರುವವರು ಯಾರೆಂದು ಕೂತಲ್ಲೇ ಹೇಳುತ್ತಿದ್ದಳು. ಸೂಜಿಯ ಕಣ್ಣು ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ.

ಕನ್ನಡಕ ಹಾಕಿಸಿಕೊಂಡ ದಿನ ಅವಳು ತಾನು ಹಿಂದೆ ಹೊಲಿದ ಒಂದು ಅಂಗಿಯನ್ನು ಎತ್ತಿ ಹಿಡಿದು ನೋಡಿ, "ಇಂಥ ಹೊಲಿಗೆ ಹಾಕ್ಕೊಂಡು ಇಷ್ಟು ವರ್ಷ ಓಡಾಡಿದಾರಲ್ಲ, ಈ ಊರಿನೋರು ತುಂಬಾ ಒಳ್ಳೇವ್ರು ಕಣೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ಬೆಂಚಿನ ಮೇಲಿದ್ದ ಪಕ್ಕದ ಮನೆಯವಳಿಂದ ದಾರದ ಉಂಡೆ ಇಸಿದುಕೊಳ್ಳಲು ಕೈ ಚಾಚಿದಳು. ಕನ್ನಡಕದಕ್ಕ ಅದೇ ಹೊತ್ತಿಗೆ ಫೋಟೋ ತೆಗೆದಳು. ಕೆಲಸದ ಹಳೆ ಉಡುಪು, ಕೆದರಿದ ಕೂದಲು, ಚಾಚಿದ ಕೈ. ಅಂಚಿನಲ್ಲಿ ದಾರ ಹಿಡಿದ ಇನ್ನೊಂದು ಕೈ. ಅದರ ಒಂದು ಪ್ರತಿಯನ್ನು ತನ್ನ ಊರಿನಲ್ಲಿದ್ದ ಅಕ್ಕನಿಗೆ ಕಳಿಸಿ, 'ಇವಳೇ ನನ್ನ ಇಲ್ಲಿನ ತಾಯಿ' ಎಂದು ಹಿಂದೆ ಬರೆದಿದ್ದಳು.

ಅಕ್ಕ ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ಗಾಜು, ಚೌಕಟ್ಟುಗಳನ್ನು ಸಂಗ್ರಹಿಸಿ ಹಳ್ಳಿಗೆ ಕಳಿಸುವ ಒಂದು ಸಣ್ಣ ಸಮಿತಿಯನ್ನು ನಡೆಸುತ್ತಿದ್ದವಳು ಅವಳೇ. ಡಬ್ಬಿಗಳನ್ನು ಕಟ್ಟಿ ಹಡಗಿಗೆ ಹಾಕುವ ಜವಾಬ್ದಾರಿ ಭಾವನದು. ಅವಳು ರಜೆಗೆ ಬಂದಿಳಿದಾಗ ವಿಮಾನ ನಿಲ್ದಾಣಕ್ಕೆ ಇಬ್ಬರೂ ಬಂದಿದ್ದರು, ಅಮ್ಮನೂ ಬಂದಿದ್ದಳು. ಅಕ್ಕ ಅವಳನ್ನು ತಬ್ಬಿಕೊಂಡು, "ಎಷ್ಟು ಸೊರಗಿದೀಯೇ. ಗಾಳಿ ಬಂದ್ರೆ ಹಾರಿಹೋಗ್ತೀಯ" ಎಂದಳು. ಅವಳಿಗೆ ಮನೆಗೆ ಬಂದೆ ಅನಿಸಿತು.

ಅವಳ ಹಳೆಯ ಕೋಣೆ ಈಗ ಸಮಿತಿಯ ಉಗ್ರಾಣವಾಗಿತ್ತು. ಮಂಚದ ಸುತ್ತ ರಟ್ಟಿನ ಡಬ್ಬಿಗಳು, ಕಪಾಟಿನ ಮೇಲೆ ಹಗ್ಗ ಕಟ್ಟಿದ ಕಾಗದದ ಕಟ್ಟುಗಳು. ಮರುದಿನ ಬೆಳಿಗ್ಗೆ ಟವೆಲ್ ಹುಡುಕುವಾಗ ಒಂದು ಕಟ್ಟು ಜಾರಿ ಬಿಚ್ಚಿಕೊಂಡಿತು. ನೆಲದ ತುಂಬ ದರ್ಜಿಯಮ್ಮ ಬಿದ್ದಿದ್ದಳು.

ದಾನಿಗಳಿಗೆ ಹಂಚುವ ಅಚ್ಚಿನ ಹಾಳೆಗಳಲ್ಲಿ ಅದೇ ಫೋಟೋ. ಆದರೆ ದಾರ ಹಿಡಿದಿದ್ದ ಕೈಯನ್ನು ಕತ್ತರಿಸಿ ತೆಗೆದಿದ್ದರು. ಉಳಿದದ್ದು ಯಾರ ಮುಂದೆಯೋ ಕೈಯೊಡ್ಡಿದ ಮುದುಕಿ. ಕೆಳಗೆ ಅಚ್ಚಾಗಿತ್ತು: 'ದೃಷ್ಟಿ ಕಳೆದುಕೊಂಡು, ಮಕ್ಕಳಿಂದ ದೂರವಾಗಿ ಬೇಡಿ ಬದುಕುತ್ತಿದ್ದ ಈ ತಾಯಿಗೆ ಬೆಳಕು ಕೊಟ್ಟವರು ನೀವು.' ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಕನ್ನಡಕದಕ್ಕನ ಸ್ವಂತ ಹೆಸರಿನ ಜೊತೆಗೆ ಒಂದು ಸಾಲು: 'ಕಣ್ಣಿದ್ದೂ ಕುರುಡರಾದವರ ನಡುವೆ ಬಂದು ಬಿದ್ದಿದ್ದೇನೆ.'

ಆ ಸಾಲು ಅವಳದೇ. ಹಳ್ಳಿಗೆ ಹೋದ ಎರಡನೇ ವಾರ ಬರೆದದ್ದು. ಜ್ವರ ಬಂದು ಮಲಗಿದ್ದಾಗ, ಯಾರ ಮಾತೂ ಅರ್ಥವಾಗದೆ, ಯಾರೂ ಪರೀಕ್ಷೆಗೆ ಬಾರದೆ, ಸಿಟ್ಟಿನಲ್ಲಿ ಅಕ್ಕನೊಬ್ಬಳಿಗೇ ಎಂದು ಬರೆದ ಪತ್ರ ಅದು.

ಒಂದು ಹಾಳೆ ಹಿಡಿದು ಅಡುಗೆಮನೆಗೆ ಹೋದಳು. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅಮ್ಮ ಬಟಾಣಿ ಸುಲಿಯುತ್ತಿದ್ದಳು.

"ಇದೇನಕ್ಕ?"

ಅಕ್ಕ ನೋಡಿ, ದಿಂಬಿನ ಚೀಲ ಮಡಿಸುವುದನ್ನು ನಿಲ್ಲಿಸಲಿಲ್ಲ. "ಚೆನ್ನಾಗಿ ಬಂದಿದೆ ಅಲ್ವಾ?"

"ಅವಳು ಯಾವತ್ತೂ ಬೇಡಿಲ್ಲ. ಕುರುಡಿ ಅಲ್ಲ. ಹೆಣ್ಣುಮಕ್ಕಳು ವಾರಕ್ಕೊಂದ್ಸಲ ಬಂದು ತಲೆ ತಿಂದು ಹೋಗ್ತಾರೆ."

"ಅಲ್ವೇ, ಹತ್ತಿರದ್ದು ಸ್ವಲ್ಪ ಮಂಜು ಅಂತ ಬರೆದ್ರೆ ಯಾರ ಕರುಳು ಚುರುಕ್ ಅನ್ನುತ್ತೆ ಹೇಳು. ಒಂಚೂರು ಉಪ್ಪು ಖಾರ ಹಚ್ಚಿದೀನಿ. ಈ ಹಾಳೆ ಬಂದ್ಮೇಲೇ ಡಬ್ಬಿಗಳು ತುಂಬಿದ್ದು. ನೀನು ಸಾಣೆ ಹಿಡೀತಿರೋ ಗಾಜೆಲ್ಲ ಇದರದ್ದೇ."

"ನನ್ನ ಪತ್ರ? ಅದು ನಿನಗೆ ಬರೆದದ್ದು."

"ನನಗೆ ಬಂದದ್ದು ನನ್ನದು ತಾನೆ?"

"ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಹೇಳಲಿಲ್ಲ." ಅಕ್ಕನ ದನಿಯಲ್ಲಿ ಅಳುಕಿರಲಿಲ್ಲ. ಲೆಕ್ಕ ಬಿಡಿಸಿ ತೋರಿಸಿದಷ್ಟು ಸಲೀಸಾಗಿ ಹೇಳಿದಳು.

ಅವಳು ಅಮ್ಮನ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತಾ?"

ಅಮ್ಮ ಬೆರಳಲ್ಲಿ ಒಂದು ಕಾಯಿ ಸೀಳಿ, ಕಾಳುಗಳನ್ನು ಬಟ್ಟಲಿಗೆ ಉದುರಿಸಿದಳು. "ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡಿ. ಬೆಳಿಗ್ಗೆ ಬೆಳಿಗ್ಗೆ ಇದೆಲ್ಲ ಯಾಕೆ?"

ಆ ಭಾನುವಾರ ಸಮಿತಿಯ ಸಭೆಯಿತ್ತು. ಎಲ್ಲರ ಮುಂದೆ ನಿಜ ಹೇಳಬೇಕೆಂದು ಮೂರು ದಿನ ಮಾತು ಜೋಡಿಸಿಕೊಂಡಳು. ವೇದಿಕೆಯ ಹಿಂದೆ ಆ ಫೋಟೋ ಆಳೆತ್ತರಕ್ಕೆ ನಿಂತಿತ್ತು. ಮುಂದೆ ಕುರ್ಚಿಗಳಲ್ಲಿ ನಿವೃತ್ತ ಟೈಪಿಸ್ಟ್, ಔಷಧಿ ಅಂಗಡಿಯವರು, ಊರುಗೋಲು ಹಿಡಿದ ಅಜ್ಜಿಯರು. ಅವರ ಕಾಲ ಬುಡದಲ್ಲಿ ಅವರೇ ತಂದ ಗಾಜಿನ ಪೊಟ್ಟಣಗಳು. ಒಬ್ಬಾಕೆ ಅವಳ ಕೈ ಹಿಡಿದು, "ಆ ತಾಯಿ ಈಗ ಹೇಗಿದ್ದಾರಮ್ಮ?" ಎಂದು ಕೇಳಿದಳು. "ಚೆನ್ನಾಗಿದ್ದಾರೆ" ಎಂದಳು. ವೇದಿಕೆ ಹತ್ತಿದಾಗ ಬಾಯಿಗೆ ಬಂದದ್ದು, "ಎಲ್ಲರಿಗೂ ತುಂಬಾ ಧನ್ಯವಾದ" ಅಷ್ಟೇ. ಚಪ್ಪಾಳೆ ಬಿತ್ತು. ಕೆಳಗಿಳಿಯುವಾಗ ಅಕ್ಕ ಅವಳ ಬೆನ್ನು ತಟ್ಟಿದಳು. ಆ ತಟ್ಟಿದ ಜಾಗ ಸಂಜೆಯವರೆಗೂ ಉರಿಯಿತು.

ಉಳಿದ ದಿನಗಳಲ್ಲಿ ಅಕ್ಕತಂಗಿಯರು ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತಾಡಿದರು. ರಜೆ ಮುಗಿಯಲು ವಾರವಿರುವಾಗಲೇ ಅವಳು ಹೊರಟಳು. ದರ್ಜಿಯಮ್ಮನಿಗೆ ತಾನೇ ಎಲ್ಲ ಹೇಳಿಬಿಡುತ್ತೇನೆ, ಅಕ್ಕನ ಕೆಲಸವೆಂದು ಹೇಳಿದರೆ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಬಸ್ಸಿಳಿದು ನಡೆಯುವಾಗ ಬ್ರೆಡ್ ಸುಡುವವನು ಅವಳನ್ನು ಕಂಡು ಒಳಗೆ ಹೋದ. ಪಕ್ಕದ ಮನೆಯವಳು ಬಟ್ಟೆ ಹರವುತ್ತಿದ್ದವಳು, "ಬಂದ್ರಾ?" ಎಂದಳು. ಈ ಬಹುವಚನ ಹೊಸದು.

ದರ್ಜಿಯಮ್ಮ ಯಂತ್ರದ ಮುಂದೆ ಕೂತಿದ್ದಳು, ಕನ್ನಡಕ ಹಾಕಿಕೊಂಡು. ಅವಳ ತಲೆಯ ಮೇಲೆ, ಗೋಡೆಯಲ್ಲಿ, ನಾಲ್ಕು ಮೊಳೆ ಹೊಡೆದು ನಿಲ್ಲಿಸಿದ ಆ ಹಾಳೆಯಿತ್ತು. ಗಾಜು ಒಡೆಯದಿರಲೆಂದು ಭಾವ ಆ ಹಾಳೆಗಳನ್ನೇ ಉಂಡೆ ಮಾಡಿ ಡಬ್ಬಿಗೆ ತುರುಕಿದ್ದ. ಅವಳು ಅತ್ತ ಹೋಗಿದ್ದಾಗ ಡಬ್ಬಿ ಇತ್ತ ಬಂದಿತ್ತು. ದರ್ಜಿಯಮ್ಮ ತನ್ನ ಮುಖ ಕಂಡು, ಸುಕ್ಕು ಬಿಡಿಸಲು ಇಸ್ತ್ರಿ ಹಾಕಿ, ಶಾಲೆಯ ಮೇಷ್ಟ್ರ ಹತ್ತಿರ ಒಯ್ದಿದ್ದಳು. ಮೇಷ್ಟ್ರು ನಿಘಂಟು ಇಟ್ಟುಕೊಂಡು ಮೂರು ಮಧ್ಯಾಹ್ನ ಕೂತು ಓದಿ ಹೇಳಿದ್ದರು.

ಅವಳು ಚೀಲ ಕೆಳಗಿಟ್ಟು ಹಾಳೆ ಕೀಳಲು ಹೋದಳು.

"ಮುಟ್ಟಬೇಡ. ಇರ್ಲಿ. ಬಂದೋರು ನೋಡ್ಲಿ. ನಾನು ಇಷ್ಟು ದೊಡ್ಡ ಭಿಕ್ಷುಕಿ ಅಂತ ನಂಗೇ ಗೊತ್ತಿರ್ಲಿಲ್ಲ."

"ಇದು ನಮ್ಮಕ್ಕ ಮಾಡಿದ್ದು. ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳ್ತೀನಿ."

"ಫೋಟೋ ನೀನೇ ಕಳ್ಸಿದ್ದು."

"ಪ್ರೀತಿಯಿಂದ ಕಳಿಸಿದ್ದೆ."

ದರ್ಜಿಯಮ್ಮ ಎದ್ದು ಬಂದು ದಪ್ಪ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟಳು. "ಇದು? ಇದೂ ನಿಮ್ಮಕ್ಕ ಬರೆದಿದ್ದಾ?"

ಹೌದು ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಕ್ಷಣ ಅವಳಿಗೆ ಆ ಯೋಚನೆ ಬಂದದ್ದೂ ನಿಜ.

"ಅದು ನನ್ನದು. ಬಂದ ಹೊಸದರಲ್ಲಿ, ಜ್ವರ ಬಂದಾಗ ಬರೆದದ್ದು."

"ಹ್ಞೂ" ಎಂದಳು ದರ್ಜಿಯಮ್ಮ. "ಆ ಜ್ವರದಲ್ಲಿ ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ನಾನು. ಉಂಡ ಮನೆ ಜಂತಿ ಎಣಿಸೋದು ಅಂದ್ರೆ ಇದೇ ಅಲ್ವಾ?" ಮತ್ತೆ ಹೋಗಿ ಯಂತ್ರದ ಮುಂದೆ ಕೂತಳು. "ಕನ್ನಡಕ ಕಿತ್ತು ನಿನ್ನ ಮುಖಕ್ಕೆ ಎಸೀತೀನಿ ಅಂದ್ಕೋಬೇಡ. ಎಸೆಯಲ್ಲ. ನಂಗೆ ಕೆಲಸ ಇದೆ."

ಅಂದಿನಿಂದ ಅವಳ ಊಟ, ಮುಚ್ಚಿದ ತಟ್ಟೆಯಲ್ಲಿ, ಹಿಂದಿನ ಕೋಣೆಯ ಬಾಗಿಲಿಗೆ ಬರತೊಡಗಿತು. ಬಿಸಿಯಾಗಿಯೇ ಇರುತ್ತಿತ್ತು, ಕಡಿಮೆಯೂ ಆಗುತ್ತಿರಲಿಲ್ಲ. ಜನ ಕಣ್ಣು ತೋರಿಸಲು ಬರುತ್ತಲೇ ಇದ್ದರು. ಆದರೆ ಬೆಂಚಿನ ಮೇಲೆ ಕೂತು ಹರಟದೆ, ಅಕ್ಷರದ ಪಟ್ಟಿ ಓದಿ, "ಆಯ್ತಾ ಮೇಡಂ?" ಎಂದು ಎದ್ದು ಹೋಗುತ್ತಿದ್ದರು.

ಎರಡು ವಾರದ ಮೇಲೆ ದರ್ಜಿಯಮ್ಮ ಬಾಗಿಲಲ್ಲಿ ನಿಂತು, "ಬರ್ಕೋ. ನಿಮ್ಮಕ್ಕನಿಗೆ ನಾನೊಂದು ಕಾಗದ ಹೇಳ್ತೀನಿ" ಎಂದಳು. ತಾನು ಮೂವತ್ತೊಂದು ವರ್ಷದಿಂದ ಈ ಊರಿಗೆ ಅಂಗಿ ಹೊಲಿಯುತ್ತಿರುವುದು, ಒಬ್ಬರಿಂದಲೂ ಬಿಟ್ಟಿ ತುತ್ತು ತಿನ್ನದಿರುವುದು, ಮಕ್ಕಳು ಬೇಡವೆಂದರೂ ಬಂದು ಬೀಳುವುದು, ಆ ದಿನ ಕೈ ಚಾಚಿದ್ದು ದಾರಕ್ಕೆಂಬುದು, ಎಲ್ಲ ಹೇಳಿದಳು. 'ನನ್ನ ಫೋಟೋ ಇಳಿಸಿ' ಎಂದು ಮುಗಿಸಿದಳು. ಕನ್ನಡಕದಕ್ಕ ಒಂದಕ್ಷರ ಹೆಚ್ಚುಕಡಿಮೆ ಮಾಡದೆ ತನ್ನ ಭಾಷೆಗೆ ತಿರುಗಿಸಿ, ಓದಿ ಹೇಳಿ, ಅಂಚೆಗೆ ಹಾಕಿದಳು. ಆ ಮಧ್ಯಾಹ್ನ ಅವಳಿಗೆ ಮನಸ್ಸು ಹಗುರಾಯಿತು.

ಒಂದೂವರೆ ತಿಂಗಳಿಗೆ ಅಕ್ಕನ ಉತ್ತರ ಬಂತು, ಜೊತೆಗೆ ಒಂದು ಹೊಸ ಅಚ್ಚಿನ ಹಾಳೆ. 'ಎಂಥ ಪತ್ರ ಕಣೇ. ಓದಿ ಎಲ್ಲರೂ ಅತ್ತರು.' ಹಾಳೆಯಲ್ಲಿ ಅದೇ ಫೋಟೋ ಇತ್ತು. ತಲೆಬರಹ: 'ಬೆಳಕು ಕಂಡ ತಾಯಿ ತನ್ನ ಕೈಯಾರೆ ಬರೆದ ಮೊದಲ ಪತ್ರ.' ಮಕ್ಕಳು ಬಂದು ಬೀಳುವ ಮಾತು, 'ಬೆಳಕು ಬಂದ ಮೇಲೆ ಮಕ್ಕಳೂ ಮರಳಿದರು' ಎಂದಾಗಿತ್ತು. ದಾರದ ಮಾತು ಇರಲಿಲ್ಲ. ಫೋಟೋ ಇಳಿಸಿ ಎಂಬುದೂ ಇರಲಿಲ್ಲ.

ಅವಳು ಅದನ್ನು ಬಚ್ಚಿಡಲಿಲ್ಲ. ಮುಂದಿನ ಕೋಣೆಗೆ ಹೋಗಿ, ಬೆಂಚಿನ ಮೇಲೆ ಪಕ್ಕದ ಮನೆಯವಳು ಇರುವಾಗಲೇ, ಮೊದಲಿಂದ ಕಡೆಯವರೆಗೆ ಓದಿ ಹೇಳಿದಳು.

ದರ್ಜಿಯಮ್ಮ ಯಂತ್ರದ ಪೆಡಲು ತುಳಿಯುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು.

"ನಿಮ್ಮಕ್ಕ ನಿನಗಿಂತ ಎಷ್ಟು ದೊಡ್ಡೋಳು?"

"ಒಂಬತ್ತು ವರ್ಷ. ನನ್ನ ಎತ್ತಿ ಬೆಳೆಸಿದ್ದೇ ಅವಳು."

"ಪಾಪ" ಎಂದಳು ದರ್ಜಿಯಮ್ಮ. ಯಾರಿಗೆಂದು ಹೇಳಲಿಲ್ಲ.

"ಗಾಜು ತರಿಸೋದು ನಿಲ್ಲಿಸಿಬಿಡ್ತೀನಿ" ಎಂದಳು ಅವಳು.

"ಯಾಕೆ? ನಿನ್ನ ಮನೆ ಜಗಳಕ್ಕೆ ಈ ಊರಿನ ಕಣ್ಣು ಯಾಕೆ ಬಲಿ? ಗಾಜು ಬರ್ಲಿ. ಬಾಯಿ ಮುಚ್ಕೊಂಡು ಗಾಜಷ್ಟೇ ತರ್ಸು." ಯಂತ್ರ ಮತ್ತೆ ಓಡತೊಡಗಿತು.

ಅಂದು ಮಧ್ಯಾಹ್ನ ಅವಳು ಅಕ್ಕನಿಗೆ ಬರೆಯಲು ಕೂತಳು. ಬೈದು ಬರೆದ ಎರಡು ಹಾಳೆ ಹರಿದಳು. ಬೈಗುಳಕ್ಕೂ ಒಂದು ತಲೆಬರಹ ಹುಟ್ಟೀತೆಂದು ಹೊಳೆಯಿತು. ಕೊನೆಗೆ ಯಾವ ನಂಬರಿನ ಗಾಜು ಎಷ್ಟು ಬೇಕೆಂಬ ಪಟ್ಟಿ ಬರೆದು, ಕೆಳಗೆ ಸಹಿ ಹಾಕಿ ಕಳಿಸಿದಳು. ಮುಂದಿನ ತಿಂಗಳೂ ಅಷ್ಟೇ. 'ಹೇಗಿದ್ದೀಯ, ಯಾಕೆ ಏನೂ ಬರೆಯುವುದಿಲ್ಲ, ಅಮ್ಮ ಕೇಳುತ್ತಾಳೆ' ಎಂದು ಅಕ್ಕ ಬರೆಯುತ್ತಲೇ ಇದ್ದಳು. ಹೊಸ ಫೋಟೋ ಇದ್ದರೆ ಕಳಿಸು ಎಂದೂ ಇರುತ್ತಿತ್ತು. ಉತ್ತರವಾಗಿ ನಂಬರುಗಳು ಹೋದವು. ಅವಳಿಗೆ ಹೇಳಿಕೊಳ್ಳಬೇಕೆನಿಸಿದ್ದು ಬೇಕಾದಷ್ಟಿತ್ತು. ಇಪ್ಪತ್ತೆಂಟು ವರ್ಷ ಹೇಳಿಕೊಂಡದ್ದೆಲ್ಲ ಅಕ್ಕನೊಬ್ಬಳಿಗೇ.

ಸೇವೆಯ ಅವಧಿ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ತಟ್ಟೆ ಬಾಗಿಲಿಗೇ ಬರುತ್ತಿತ್ತು. ಒಂದು ದಿನ ಅದನ್ನು ಇಟ್ಟು ತಿರುಗಿದ ದರ್ಜಿಯಮ್ಮ, "ಸಾಣೆ ಹಿಡಿಯುವಾಗ ಕಿಟಕಿ ತೆಗೆದಿಡು, ಗಾಜಿನ ಪುಡಿ ಎದೆಗೆ ಹೋಗುತ್ತೆ" ಎಂದಳು. ಅವಳು ಎದ್ದು ಕಿಟಕಿ ತೆರೆದು ಬರುವಷ್ಟರಲ್ಲಿ ದರ್ಜಿಯಮ್ಮ ಅಡುಗೆಮನೆಗೆ ಹೋಗಿ, ಒಬ್ಬಳೇ ಬಡಿಸಿಕೊಂಡು ಕೂತಿದ್ದಳು.