ಚೋರ್ಲಾ ಘಾಟಿಗೊಂದು ವಾಸನೆ

ಗಾಡಿ ಹತ್ತಿದರೆ ಹುಲಿಗೆವ್ವನಿಗೆ ವಾಂತಿಯಾಗುತ್ತದೆ ಎಂಬುದು ಸಾಂಖಳಿಯ ಅವಳ ಓಣಿಗೆಲ್ಲ ಗೊತ್ತಿದ್ದ ಸಂಗತಿ. ಹನ್ನೊಂದು ವರ್ಷದ ಹಿಂದೆ ಮದುವೆಯಾಗಿ ಗುಳೇದಗುಡ್ಡದಿಂದ ಗೋವೆಗೆ ಬಂದ ದಿನವೇ ಚೋರ್ಲಾ ಘಾಟಿನ ತಿರುವುಗಳು ಅವಳ ಕರುಳು ಹಿಂಡಿದ್ದವು. ಹೊಸ ಸೀರೆಯ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡೇ ಮದುಮಗಳು ಬಸ್ಸಿನಿಂದ ಇಳಿದಿದ್ದಳು. ಅಂದಿನಿಂದ ಪಣಜಿಗೆ ಹೋಗುವುದಿದ್ದರೂ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ದಿನಾ ಗೋಡಂಬಿ ಕಾರ್ಖಾನೆಗೆ ಮೂರು ಕಿಲೋಮೀಟರ್ ನಡೆದೇ ಹೋಗುತ್ತಿದ್ದಳು. ಜೊತೆಯ ಹೆಂಗಸರು ರಿಕ್ಷಾದಿಂದ ಕೈ ಮಾಡಿ ಕರೆದರೂ ನಕ್ಕು ಮುಂದೆ ಸಾಗುತ್ತಿದ್ದಳು.

ಇದು ನಗೆಯ ಮಾತಾಗಿ ಉಳಿದಿದ್ದರೆ ಚಿಂತೆಯಿರಲಿಲ್ಲ. ನಾಲ್ಕು ವರ್ಷದ ಹಿಂದೆ ತಮ್ಮ ಶಿವಲಿಂಗನ ಮೊದಲ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಹುಲಿಗೆವ್ವ ಕುಲಾವಿ, ಬೆಳ್ಳಿ ಕಡಗ ಎಲ್ಲ ಕಟ್ಟಿಕೊಂಡು ಬಸ್ಸು ಹತ್ತಿದಳು. ಬೆಳಗಾವಿ ಮುಟ್ಟುವಷ್ಟರಲ್ಲಿ ಎದ್ದು ನಿಲ್ಲುವ ತ್ರಾಣ ಉಳಿದಿರಲಿಲ್ಲ. ಅಲ್ಲೇ ಒಂದು ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮಲಗಿದಳು. ಊರಿನಲ್ಲಿ ಪಕ್ಕದ ಮನೆಯ ಹೆಣ್ಣುಮಗಳು ಹೆಸರು ಕರೆದಳು. "ನಮ್ಮ ನಾದಿನಿ ಬರಂಗಿಲ್ಲ, ಆಕಿ ಸುದ್ದಿ ಬರತೈತಿ" ಎಂದು ತಮ್ಮನ ಹೆಂಡತಿ ಆಡಿದ್ದು ಹೇಗೋ ಅವಳ ಕಿವಿಗೂ ಬಿತ್ತು.

ಈ ಡಿಸೆಂಬರಿನಲ್ಲಿ ಶಿವಲಿಂಗ ಮತ್ತೆ ಫೋನ್ ಮಾಡಿದ. ಈ ಸಲ ಹೆಣ್ಣು ಕೂಸು. "ಅಕ್ಕಾ, ಈ ಸರ್ತಿ ನೀನ ಬರಬೇಕು ನೋಡು. ಸಂಜಿ ಮಟಾ ನಿನ್ನ ದಾರಿ ಕಾಯ್ತೀವಿ."

"ಬರ್ತೀನಿ" ಎಂದಳು. ಫೋನ್ ಇಟ್ಟವಳೇ ಅಡುಗೆಮನೆಗೆ ಹೋಗಿ ಪ್ಲಾಸ್ಟಿಕ್ ಚೀಲ ಎಷ್ಟಿವೆಯೆಂದು ಎಣಿಸಿದಳು.

ಗಂಡ ಕಂಠೆಪ್ಪ ಡಿಚೋಲಿಯ ಅದಿರು ಲಾರಿಗಳ ಡ್ರೈವರ್. ದೀಪಾವಳಿಗೆ ಒಂದು ಹಳೇ ಕಾರು ಕೊಂಡಿದ್ದ. ಹಿಂದಿನ ಮಾಲಕ ಅದರಲ್ಲಿ ಮೀನು ಹೊತ್ತಿದ್ದನೋ, ಬೀಡಿ ಸೇದಿದ್ದನೋ, ಅಂತೂ ಒಳಗೆ ಕೂತರೆ ಮೂಗು ಮುಚ್ಚುವಂತಿತ್ತು. ಅದಕ್ಕೆಂದು ಕಂಠೆಪ್ಪ ವೆನಿಲ್ಲಾ ಪರಿಮಳದ ದೊಡ್ಡ ಬಾಟಲಿ ತಂದು ಸ್ಟೇರಿಂಗ್ ಪಕ್ಕ ಅಂಟಿಸಿದ. ತಮ್ಮನ ಫೋನ್ ಬಂದ ಮೇಲೆ ಅದರಲ್ಲಿ ಕೂತ ಮೊದಲ ಸವಾರಿಯಲ್ಲಿ ಸಾಂಖಳಿಯಿಂದ ಡಿಚೋಲಿ ದಾಟುವ ಮೊದಲೇ ಹುಲಿಗೆವ್ವ ಬಾಗಿಲು ತೆಗೆದು ರಸ್ತೆಯಂಚಿಗೆ ಓಡಿದಳು.

"ಊರಿಗೆ ಗಾಜು ಇಳಿಸಿಕೊಂಡು ಹೋದರಾತು" ಎಂದ ಕಂಠೆಪ್ಪ.

"ಯಾರನ್ನ ಕೊಲ್ಲಾಕ?" ಎಂದಳು ಹಿಂದಿನ ಸೀಟಿನಿಂದ ಅವನ ತಾಯಿ ಚಂದವ್ವ. ಅವಳಿಗೆ ದಮ್ಮು. ಥಂಡಿ ಗಾಳಿ ತಾಕಿದರೆ ಎದೆ ಸುಯ್ಯಗುಟ್ಟುತ್ತಿತ್ತು. ಡಿಸೆಂಬರಿನ ಬೆಳಗಿನಲ್ಲಿ ಮಂಜು ತುಂಬಿದ ಘಾಟನ್ನು ಗಾಜು ಇಳಿಸಿ ಹತ್ತುವ ಮಾತೇ ಇರಲಿಲ್ಲ.

ಹುಲಿಗೆವ್ವ ಬಾಯಿ ಒರೆಸಿಕೊಂಡು ಬಂದಳು. "ರೀ, ನನ್ನ ತಿನ್ನಾಕತ್ತಿದ್ದು ಗಾಡಿ ಅಲ್ಲ, ಈ ವಾಸನಿ. ಇಷ್ಟ ವರ್ಷ ಬಸ್ಸಿನ ಡೀಸೆಲ್ ವಾಸನಿ ತಿಂತು. ಈ ಸರ್ತಿ ವಾಸನಿ ನಾನ ಆರಿಸ್ತೀನಿ." ಮನೆಗೆ ಬಂದವಳೇ ವೆನಿಲ್ಲಾ ಬಾಟಲಿ ಕಿತ್ತೆಸೆದು, ಹಳೇ ನಾತ ಅರ್ಧ ಇಳಿಯುವಂತೆ ಸೀಟುಗಳನ್ನೆಲ್ಲ ಸೋಪಿನ ನೀರಿನಲ್ಲಿ ತಿಕ್ಕಿದಳು.

ಅವಳ ಮೂಗು ಎಂಥದೆಂದು ಕಾರ್ಖಾನೆಯವರಿಗೆ ಗೊತ್ತಿತ್ತು. ಗೋಡಂಬಿ ಮುಗ್ಗಲು ಹಿಡಿದಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ ಮೇಲ್ವಿಚಾರಕ ಮುಕಾದಮ ಚೀಲ ಬಿಚ್ಚಿ ಅವಳನ್ನೇ ಕರೆಯುತ್ತಿದ್ದ. ಆದರೆ ಆ ಮೂಗನ್ನು ತನ್ನ ಕೆಲಸಕ್ಕೂ ಬಳಸಬಹುದೆಂದು ಅವಳಿಗೆ ಹೊಳೆದದ್ದು ಅಂದೇ.

ಡಿಚೋಲಿಯಲ್ಲಿ ಕಾರಿನ ಸಾಮಾನು ಮಾರುವ ಪರ್ವೇಜ ಮೂಲತಃ ವಿಜಯಪುರದ ಕಡೆಯವನು. "ಬರ್ರಿ ಅಕ್ಕಾರ" ಎಂದು ಮಲ್ಲಿಗೆ, ಗುಲಾಬಿ, ಚಂದನ, ಸ್ಟ್ರಾಬೆರಿ, ಇನ್ನೂ ಹೆಸರೇ ತಿಳಿಯದ ನೀಲಿ ಹಸಿರು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದ. "ಮಲ್ಲಿಗಿ ಮಂದಿ ಭಾಳ ಒಯ್ತಾರ್ರಿ. ಮೂಸಿ ನೋಡ್ರಿ."

"ಇಲ್ಲಿ ಮೂಸಿದರ ಏನ್ ತಿಳಿತೈತಿ ಅಣ್ಣಾ? ಗಾಜು ಏರಿಸಿದ ಗಾಡ್ಯಾಗ ಕುಂತು ನೋಡಬೇಕು."

ಪರ್ವೇಜ ಕಂಠೆಪ್ಪನ ಮುಖ ನೋಡಿದ. ಕಂಠೆಪ್ಪ ಬೇರೆ ಕಡೆ ನೋಡಿದ. ಹುಲಿಗೆವ್ವ ಮಲ್ಲಿಗೆಯ ಡಬ್ಬಿ ಹಿಡಿದು ಹೋಗಿ, ಅಂಗಡಿ ಮುಂದೆ ನಿಂತ ಕಾರಿನಲ್ಲಿ ಗಾಜು ಏರಿಸಿ ಕೂತಳು. ಹತ್ತು ನಿಮಿಷಕ್ಕೆ ಇಳಿದು ಬಂದಳು. "ಮೊದಲ ಹೂವು, ಆಮ್ಯಾಗ ತಲಿಗೆಣ್ಣಿ. ಬ್ಯಾಡ." ಗುಲಾಬಿ ಅಗಸರ ಸಾಬೂನಾಯಿತು. ಸ್ಟ್ರಾಬೆರಿಗೆ ಎರಡೇ ನಿಮಿಷ. ಚಂದನದಲ್ಲಿ ಹೆಚ್ಚು ಹೊತ್ತು ಕೂತಳು. ಪರ್ವೇಜನಿಗೆ ಆಸೆಯಾಯಿತು. ಆದರೆ ಇಳಿದು ಬಂದವಳು ಗಂಟಲು ಸವರಿಕೊಂಡು ತಲೆ ಅಲ್ಲಾಡಿಸಿದಳು. ಒಂದೊಂದು ಸಲವೂ ನಾಲ್ಕೂ ಬಾಗಿಲು ತೆಗೆದು ಹಳೇ ವಾಸನೆ ಹೋಗುವವರೆಗೆ ಕಾಯುತ್ತಿದ್ದಳು. ಪಕ್ಕದ ಗ್ಯಾರೇಜಿನವರು ಕೆಲಸ ಬಿಟ್ಟು ನೋಡತೊಡಗಿದರು.

"ಸಾಕ ನಡಿ, ಮಂದಿ ನಗಾಕತ್ಯಾರ" ಎಂದು ಕಂಠೆಪ್ಪ ಪಿಸುಗುಟ್ಟಿದ.

"ನಗಲಿ ಬಿಡ್ರಿ. ಹನ್ನೊಂದ ವರ್ಷ ನಕ್ಕಾರ, ಇವತ್ತೊಂದು ತಾಸು ನಗಲಿ."

ಕಡೆಗೆ ಪರ್ವೇಜ ಕೆಳಗಿನ ಖಾನೆಯಿಂದ ಧೂಳು ಹಿಡಿದ ಕಾಗದದ ಬಿಲ್ಲೆಯೊಂದನ್ನು ತೆಗೆದ. "ಇದನ್ನ ಯಾರೂ ಕೇಳಂಗಿಲ್ರಿ. ಘಮನ ಇಲ್ಲ ಅಂತಾರ." ನಿಂಬೆಯಂತೆ ಹುಳಿ ವಾಸನೆಯ ಮಜ್ಜಿಗೆ ಹುಲ್ಲಿನದು. ಹುಲಿಗೆವ್ವ ಅದರ ಪ್ಲಾಸ್ಟಿಕ್ ಹೊದಿಕೆಯ ಒಂದು ಮೂಲೆಯನ್ನಷ್ಟೇ ಕತ್ತರಿಸಿಕೊಂಡು ಒಳಗೆ ಕೂತಳು. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಕಂಠೆಪ್ಪ ಗಾಬರಿಯಾಗಿ ಗಾಜು ಬಡಿದ. ಅವಳು ಕಣ್ಣು ತೆರೆದಳು. ನಿದ್ದೆ ಹತ್ತಿತ್ತು.

"ಇದು ಮೈಮ್ಯಾಲ ಬರಂಗಿಲ್ಲ. ದೂರ ಕುಂತು ಮಾತಾಡಿಸ್ತೈತಿ" ಎಂದಳು. "ಇದ ಇರಲಿ."

ಮರುವಾರ ನಸುಕಿನಲ್ಲಿ ಹೊರಟರು. ಹುಲಿಗೆವ್ವ ಗಂಡನ ಪಕ್ಕ ಮುಂದಿನ ಸೀಟಿನಲ್ಲಿ, ಹಿಂದೆ ಶಾಲು ಹೊದ್ದ ಚಂದವ್ವ. ಕೆರಿ ಎಂಬ ಹಳ್ಳಿ ದಾಟಿದ ಮೇಲೆ ಘಾಟು ಶುರುವಾಯಿತು. ಗಾಜಿನಾಚೆ ಬೆಳ್ಳಗಿನ ಮಂಜು. ಮೊದಲ ತಿರುವಿಗೆ ಅವಳು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಎರಡನೆಯದು, ಮೂರನೆಯದು. ಹೊಟ್ಟೆ ಸುಮ್ಮನಿತ್ತು. ಏಳೆಂಟು ತಿರುವಾದ ಮೇಲೆ ಕೈ ತಾನಾಗಿಯೇ ಸಡಿಲಾಯಿತು. ಮಂಜಿನ ನಡುವೆ ಬಿದಿರು ಮೆಳೆಗಳು ಕಂಡವು. ಇಷ್ಟು ಸಲ ಹಾದು ಹೋದ ಘಾಟನ್ನು ಅವಳು ಕಣ್ಣು ಬಿಟ್ಟು ನೋಡಿದ್ದು ಅದೇ ಮೊದಲು.

ಇನ್ನೂ ಮೇಲೆ ಹೋದಾಗ ಅವಳ ಮೂಗಿನ ಹೊಳ್ಳೆ ಅರಳಿತು.

"ರೀ, ಗಾಡಿ ನಿಂದರಸ್ರಿ."

"ವಾಂತಿ ಬಂತೇನ?" ಕಂಠೆಪ್ಪನ ದನಿ ಕುಗ್ಗಿತು.

"ವಾಂತಿ ಅಲ್ಲ. ಏನೋ ಸಿಹಿ ವಾಸನಿ ಬರಾಕತ್ತೈತಿ. ಬೆಲ್ಲದ ಪಾಕ ಕಾಸಿದಂಗ."

"ನಿನ್ನ ಬಿಲ್ಲಿದ ಇರಬೇಕು."

"ನನ್ನ ಬಿಲ್ಲಿ ಹುಳಿ. ಇದು ಸಿಹಿ, ಬಿಸಿ. ಮುಂದಿನಿಂದ ಬರಾಕತ್ತೈತಿ. ನಿಂದರಸ್ರಿ ಅಂದರ."

ಅವಳ ದನಿಗೆ ಕಂಠೆಪ್ಪ ಬ್ರೇಕ್ ಒತ್ತಿದ. ರಸ್ತೆ ಅಗಲವಿದ್ದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದರೆ ಬುಸ್ಸೆಂದು ಹಬೆ ಎದ್ದಿತು. ರೇಡಿಯೇಟರಿನ ಪೈಪಿಗೆ ಹಾಕಿದ ಪಟ್ಟಿ ಸಡಿಲಾಗಿ, ಇಂಜಿನ್ ತಂಪಿಡುವ, ಸಿಹಿ ವಾಸನೆಯ ಹಸಿರು ಕೂಲಂಟ್ ಕಾದ ಇಂಜಿನ್ ಮೇಲೆ ಚಿಮ್ಮುತ್ತಿತ್ತು. ಒಳಗಿನ ಕಾವಿನ ಮುಳ್ಳು ಆಗಷ್ಟೇ ಮೇಲೇಳತೊಡಗಿತ್ತು, ಅವನು ಗಮನಿಸಿರಲಿಲ್ಲ. ಇಂಜಿನ್ ಆರುವವರೆಗೆ ಕಾದು, ಪಟ್ಟಿ ಬಿಗಿ ಮಾಡಿ, ಕುಡಿಯಲು ತಂದ ಎರಡು ಕ್ಯಾನ್ ನೀರನ್ನೂ ಸುರಿದ. ಕೈ ಒರೆಸಿಕೊಳ್ಳುತ್ತ ಹೆಂಡತಿಯ ಮುಂದೆ ನಿಂತ.

"ಹದಿನೈದ ವರ್ಷ ಸ್ಟೇರಿಂಗ್ ಹಿಡದೀನಿ ಹುಲಿಗೆವ್ವ. ನನಗ ತಿಳೀಲಿಲ್ಲ. ಇನ್ನ ನಾಕ ತಿರುವು ಹೋಗಿದ್ದರ ಇಂಜಿನ್ ಸುಟ್ಟು ಇಲ್ಲೇ ಕುಂದರತಿದ್ವಿ. ಆ ವೆನಿಲ್ಲಾ ಇದ್ದಿದ್ದರ ನಿನಗೂ ತಿಳೀತಿರಲಿಲ್ಲ."

ಹಿಂದಿನ ಸೀಟಿನಿಂದ ಚಂದವ್ವ, "ನನ್ನ ಸೊಸಿನ್ನ ಏನಂತ ತಿಳದಿ?" ಎಂದಳು. ಹುಲಿಗೆವ್ವ ಜೋರಾಗಿ ನಕ್ಕಳು.

ಬೆಳಗಾವಿಯಲ್ಲಿ ಪೈಪು ಬದಲಿಸಿ, ಇಡ್ಲಿ ತಿಂದು, ಯರಗಟ್ಟಿ, ಲೋಕಾಪುರ ದಾಟಿ ಮಧ್ಯಾಹ್ನ ಎರಡರ ಸುಮಾರಿಗೆ ಗುಳೇದಗುಡ್ಡ ಮುಟ್ಟಿದರು. ಶಿವಲಿಂಗನ ಮನೆಯೊಳಗೆ ಅಕ್ಕ ಬಂದು ಒರಗಲೆಂದು ಚಾಪೆ ಹಾಸಿಟ್ಟಿದ್ದರು. ತೊಟ್ಟಿಲ ಬಳಿ ಪಕ್ಕದ ಮನೆಯ ಹೆಣ್ಣುಮಗಳು ರೇಷ್ಮೆ ಸೀರೆ ಉಟ್ಟು ತಯಾರಾಗಿ ಕೂತಿದ್ದಳು. ಹುಲಿಗೆವ್ವ ಕಾರಿನಿಂದ ಇಳಿದು, ಸೆರಗು ಕೊಡವಿ, ಯಾರ ಹೆಗಲೂ ಹಿಡಿಯದೆ ನೆಟ್ಟಗೆ ನಡೆದು ಬಂದಳು. ತಮ್ಮನ ಹೆಂಡತಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

"ನೀರ ಆಮ್ಯಾಗ ಕೊಡವಾ. ಮೊದಲ ಕೂಸನ್ನ ಕೊಡು" ಎಂದಳು ಹುಲಿಗೆವ್ವ.

ಪಕ್ಕದ ಮನೆಯವಳು ತಾನೇ ಎದ್ದು ಜಾಗ ಬಿಟ್ಟಳು. ಹುಲಿಗೆವ್ವ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಬಾಗಿ, ಆ ಪುಟ್ಟ ಕಿವಿಗೆ ಬಾಯಿ ಹಚ್ಚಿ, "ಕುರ್ರ್... ಅಂಬಿಕಾ" ಎಂದಳು. ಪದ್ಧತಿಯಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಿದರು. ನಾಲ್ಕು ವರ್ಷದ ಬಾಕಿ ಸೇರಿಸಿಯೇ ಗುದ್ದಿದಂತಿತ್ತು. ಅವಳು ತಪ್ಪಿಸಿಕೊಳ್ಳಲಿಲ್ಲ. ಬೆನ್ನು ಕೊಟ್ಟು ನಿಂತು, ಕಣ್ಣಲ್ಲಿ ನೀರು ಬರುವಂತೆ ನಗುತ್ತ ಮೂರು ಸಲವೂ ಹೆಸರು ಕರೆದಳು.

ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದಳು. ಹುಲಿಗೆವ್ವ ಬೇಡವೆನ್ನಲಿಲ್ಲ. ಕೈ ತೊಳೆದು ಬಂದವಳು ಕಟ್ಟೆಯ ಮೇಲೆ ಅಡ್ಡಾಗಿದ್ದ ಗಂಡನನ್ನು ಎಬ್ಬಿಸಿದಳು.

"ರೀ, ನಾಳಿ ಬದಾಮಿಗೆ ಹೋಗೂಣು. ಬನಶಂಕರಿಗೆ ಕೈ ಮುಗದು, ಹಂಗ ಪಟ್ಟದಕಲ್ಲೂ ನೋಡಿಕೊಂಡ ಬರೂಣು. ಜಲ್ದಿ ಏಳ್ರಿ ಮತ್ತ."