ಸ್ಟಾಪರ್ ಜಾಗ

ಮುಂದಿನ ಸೀಟಿನಲ್ಲಿ ಮೂರು ತಲೆ, ಕಿಟಕಿ ಕಡೆಯದು ನಿದ್ದೆಗೆ ಜಾರಿ ಮುಂದಕ್ಕೆ ವಾಲಿದೆ, ನಡುವಿನದು ನೆಟ್ಟಗಿದೆ, ಈ ಕಡೆಯದು ಫೋನಿನ ಮೇಲೆ ಬಗ್ಗಿದೆ — ಸಾಲು ಕೆಟ್ಟಿದೆ, ಇವರ ನಡುವೆ ಚೆಂಡು ಸಲೀಸಾಗಿ ತೂರಿಹೋಗುತ್ತದೆ — ಅಯ್ಯೋ ವಾಣಿಶ್ರೀ, ಬಸ್ಸಿನಲ್ಲಿ ಕೂತವರನ್ನಾದರೂ ಬಿಡೇ, ಪಾಪ ಹೊಗೆಸೊಪ್ಪು ಪೋಣಿಸುವ ಕೂಲಿಗೆ ಹನಗೋಡಿಗೆ ಹೊರಟವರು, ಅವರಿಗೂ ನಿನ್ನ ಡಿಫೆನ್ಸಿಗೂ ಏನು ಸಂಬಂಧ. ಕಿಟಕಿಯಿಂದ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ಹೊಗೆ ಬರುತ್ತಿದೆ, ಬೇಯುವ ಸೊಪ್ಪಿನ ಸಿಹಿ ಸಿಹಿ ಕಮಟು, ಆಗಸ್ಟ್ ಬಂದರೆ ಹುಣಸೂರಿನ ಗಾಳಿಯೇ ಹೀಗೆ, ನನ್ನ ಫುಟ್‌ಬಾಲ್ ತಂಡದ ಹುಡುಗಿಯರಲ್ಲಿ ಅರ್ಧ ಜನ ಈಗ ಈ ಕೆಲಸದಲ್ಲೇ ಇದ್ದಾರೆ, ಲೀಗ್ ಶುರುವಾಗುವುದು ನವೆಂಬರಿಗೆ, ಅಷ್ಟರೊಳಗೆ ನಾನು ಒಂದು ಡಿಫೆನ್ಸ್ ಕಟ್ಟಬೇಕು. ಕಳೆದ ಲೀಗಿನಲ್ಲಿ ಒಂಬತ್ತು ಪಂದ್ಯ, ಮೂವತ್ತೊಂದು ಗೋಲು ತಿಂದೆವು. ಮೊದಲ ಐದು ಪಂದ್ಯದಲ್ಲಿ ನಾಲ್ಕೇ ನಾಲ್ಕು, ಉಳಿದ ನಾಲ್ಕರಲ್ಲಿ ಇಪ್ಪತ್ತೇಳು. ಈ ಲೆಕ್ಕಕ್ಕೆ ಬೇರೆ ವಿವರಣೆ ಬೇಕೇ, ಐದನೇ ಪಂದ್ಯದ ತನಕ ಡಿಫೆನ್ಸಿನ ನಡುವೆ, ಸ್ಟಾಪರ್ ಜಾಗದಲ್ಲಿ, ಚಿಕ್ಕಮಾದಿ ಇದ್ದಳು, ಆಮೇಲೆ ಇರಲಿಲ್ಲ, ಅಷ್ಟೇ. ಆದರೂ ನಾಲ್ಕು ತಿಂಗಳು ನಾನು ನೋಟ್‌ಬುಕ್ಕಿನ ತುಂಬ ಬೇರೆ ಕಾರಣಗಳನ್ನೇ ಬರೆದೆ, ಇವತ್ತು ಕೊನೆಗೂ ಕಾಡಂಚಿನ ಅವಳ ಹಾಡಿಗೆ ಹೊರಟಿದ್ದೇನೆ.

ತಂಡದ ಸೆಕ್ರೆಟರಿ ರೇಣುಕಾಪ್ರಸಾದ್ ಮೊನ್ನೆ ಸ್ಟಾಫ್ ರೂಮಿಗೇ ಬಂದು ಕೂತಿದ್ದರು, ಮೇಡಂ, ಈ ವರ್ಷನೂ ಇಂಗೇ ಆದ್ರೆ ಲೀಗಿಂದ ನಮ್ಮನ್ನ ತೆಗೀತಾರೆ ಕಣ್ರೀ, ಕೊಡಗಿನ ಕಡೆಯಿಂದ ಇಬ್ರು ಉಡ್ಗೀರನ್ನ ಕರ್ಕಬರಣ, ಎತ್ತರ ಇರೋರ್ನ, ಅಂದರು. ಎತ್ತರ. ಚಿಕ್ಕಮಾದಿ ನನ್ನ ಭುಜಕ್ಕೂ ಬರುತ್ತಿರಲಿಲ್ಲ, ಆದರೆ ಚೆಂಡು ಎಲ್ಲಿಗೆ ಬೀಳುತ್ತದೆಂದು ಒದ್ದವಳಿಗಿಂತ ಮೊದಲು ಅವಳಿಗೆ ಗೊತ್ತಿರುತ್ತಿತ್ತು, ಹೋಗಿ ನಿಂತಿರುತ್ತಿದ್ದಳು, ಯಾರನ್ನೋ ಕಾಯುವವಳ ಹಾಗೆ. ನಾನು ಭೇರ್ಯದ ಖೋಖೋ ಆಟಗಾರ್ತಿ, ಫುಟ್‌ಬಾಲನ್ನು ಪುಸ್ತಕ ಓದಿ ಕಲಿತವಳು, ಆಫ್‌ಸೈಡ್ ಅಂದರೇನೆಂದು ಬೋರ್ಡಿನ ಮೇಲೆ ಗೀಟು ಎಳೆದು ಎಳೆದು ನಾನೇ ಗೊಂದಲಕ್ಕೆ ಬಿದ್ದಿದ್ದಾಗ, ಹಿಂದಿನ ಬೆಂಚಿನಿಂದ ಅವಳೇ ಎದ್ದು, ಮಿಸ್, ನಾವು ನಾಲ್ಕೂ ಜನ ಒಟ್ಗೆ ಮುಂದಕ್ಕೆ ಬಂದ್ಬುಟ್ರೆ ಅವ್ರು ಹಿಂದೆ ಉಳ್ಕತಾರೆ, ಅಷ್ಟೇ ತಾನೆ, ಅಂದಳು, ಎಲ್ಲರಿಗೂ ಒಂದೇ ಏಟಿಗೆ ಅರ್ಥವಾಯಿತು, ನನಗೂ. ಮೂರು ವರ್ಷ ಆ ಸಾಲನ್ನು ನಡೆಸಿದ್ದು ಅವಳ ಗಂಟಲು, ಬಾ, ಬಾ, ನಿಲ್ಲು, ಹೋಗು — ಮಾತನಾಡದ ಹುಡುಗಿ ಮೈದಾನಕ್ಕಿಳಿದರೆ ತೊಂಬತ್ತು ನಿಮಿಷವೂ ಕೂಗುತ್ತಿದ್ದಳು. ಅವಳು ಹೋದ ಮೇಲೆ ಸೌಂದರ್ಯಳನ್ನು ನಡುವೆ ನಿಲ್ಲಿಸಿದೆ, ಸೌಂದರ್ಯಳಿಗೆ ಕುದುರೆಯ ಓಟ, ಬಾಯಿ ಮಾತ್ರ ಇಲ್ಲ, ಮೈಸೂರಿನವರು ಏಳು ಗೋಲು ಹೊಡೆದ ದಿನ ನಮ್ಮ ಹಿಂದಿನ ನಾಲ್ಕು ಜನ ನಾಲ್ಕು ಊರಿನವರ ಹಾಗೆ ನಿಂತಿದ್ದರು, ಯಾರೂ ಯಾರನ್ನೂ ಕರೆಯಲಿಲ್ಲ.

ಕಂಡಕ್ಟರ್ ವಿಸಿಲ್ ಹಾಕುತ್ತಾನೆ, ಬಸ್ಸು ನಿಲ್ಲುತ್ತದೆ, ನನ್ನ ಕಣ್ಣೆದುರು ಮಾತ್ರ ಆವತ್ತಿನ ಪಿರಿಯಾಪಟ್ಟಣದ ಮೈದಾನ. ಮಾರ್ಚ್ ಬಿಸಿಲು, ಬೈಲಕುಪ್ಪೆ ತಂಡದ ಮೇಲೆ ಒಂದು ಸೊನ್ನೆ ಮುಂದಿದ್ದೇವೆ, ಇನ್ನು ಇಪ್ಪತ್ತು ನಿಮಿಷ. ಚಿಕ್ಕಮಾದಿ ಹಾರಿ ಚೆಂಡನ್ನು ದೂರ ಒದ್ದು ಇಳಿದವಳು ಹಾಗೇ ಕೂತುಬಿಟ್ಟಳು. ನಾನು ಸ್ಪ್ರೇ ಹಿಡಿದು ಓಡಿದೆ, ಮಿಸ್, ಮಂಡಿ ಒಳಗೆ ಏನೋ ಟಪ್ ಅಂತು, ಅಂದಳು, ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಬೆಂಚಿನಲ್ಲಿ ಸೌಂದರ್ಯ ಮೈ ಬಿಸಿ ಮಾಡಿಕೊಂಡು ನಿಂತಿದ್ದಳು, ಆಗಲೇ ಬದಲಾಯಿಸಬಹುದಿತ್ತು, ಕೈ ಎತ್ತಿದ್ದರೆ ಸಾಕಿತ್ತು. ಇಪ್ಪತ್ತು ನಿಮಿಷ ಕಣೇ, ನೀನು ಈಚೆಗೆ ಬಂದ್ರೆ ಗೋಡೆ ಬಿದ್ದಂಗೆ, ಅಂದೆ. ಬಟ್ಟೆಪಟ್ಟಿ ಬಿಗಿಯಾಗಿ ಸುತ್ತಿದೆ, ಬೆನ್ನು ತಟ್ಟಿದೆ. ಎದ್ದಳು. ಇಪ್ಪತ್ತು ನಿಮಿಷ ಆಡಿದಳು, ಒಂಟಿಕಾಲಿನ ಮೇಲೆ, ಗೆದ್ದೆವು, ಹುಡುಗಿಯರು ನನ್ನನ್ನು ಎತ್ತಿ ಕುಣಿದರು, ಫೋಟೋ ಕಾಲೇಜಿನ ಗೋಡೆಯ ಮೇಲಿದೆ, ಅದರಲ್ಲಿ ಅವಳಿಲ್ಲ, ಅವಳು ಎಲ್ಲಿದ್ದಳು ಆ ಹೊತ್ತು, ನಾನು ನೋಡಲೇ ಇಲ್ಲ.

ಅಷ್ಟೇ ಆಗಿದ್ದರೆ, ಅದೊಂದೇ ತಪ್ಪಾಗಿದ್ದರೆ, ಆಟದ ಆವೇಶ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಅವಳು ಅಭ್ಯಾಸಕ್ಕೆ ಬರುವುದು ನಿಲ್ಲಿಸಿದಳು, ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್, ಮೂರನೇ ಸಲ ಮಾಡಲಿಲ್ಲ. ಸೋತು ಬಂದ ದಿನ ಹುಡುಗಿಯರು ಕೇಳಿದರು, ಮಿಸ್, ಚಿಕ್ಕಮಾದಿ ಎಲ್ಲಿ, ನಾನು ಶೂ ಚೀಲದ ಜಿಪ್ ಎಳೆಯುತ್ತ, ಓಡೋದ್ಲು, ಕಾಡಿನ ಕಡೆಯವ್ರು ಎಲ್ಲೂ ನಿಲ್ಲಲ್ಲ, ಅಂದೆ. ಅಂದುಬಿಟ್ಟೆ. ನನ್ನ ಬಾಯಿಂದಲೇ ಬಂತು, ಜಾತಿಗೀತಿ ನೋಡದೆ ತಂಡ ಕಟ್ಟಿದವಳೆಂದು ವೇದಿಕೆಯಲ್ಲಿ ಹಾರ ಹಾಕಿಸಿಕೊಂಡ ಈ ವಾಣಿಶ್ರೀ ಬಾಯಿಂದ. ಎಡಬದಿ ಕಾಯುವ ಲೆಫ್ಟ್ ಬ್ಯಾಕ್ ಹರ್ಷಿತಾ ಲೇಸ್ ಬಿಚ್ಚುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿದಳು, ಮತ್ತೆ ತಗ್ಗಿಸಿದಳು, ಅಂದಿನಿಂದ ನನ್ನ ಜೊತೆ ಅವಳದು ಕೆಲಸಕ್ಕೆ ಬೇಕಾದಷ್ಟೇ ಮಾತು.

ಹನಗೋಡು ದಾಟಿ ಆಟೋ, ಆಟೋ ಹೋಗದ ಕಡೆ ನಡಿಗೆ, ಕೆಸರು ಚಪ್ಪಲಿಗೆ ಅಂಟುತ್ತದೆ, ಹಾಡಿಯ ಮೊದಲ ಮನೆಯ ಹತ್ತಿರ ಕೇಳಿದರೆ, ಮಂಡಿ ಉಡ್ಗೀ ಮನೆನಾ, ಆಚೆ ಕೊನೇದು, ಅನ್ನುತ್ತಾರೆ. ಮಂಡಿ ಹುಡುಗಿ. ಮೂರು ವರ್ಷ ಚೆಂಡಿನ ಹುಡುಗಿ ಅನ್ನುತ್ತಿದ್ದರಂತೆ. ಅವಳ ಅವ್ವ ಮಹದೇವಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದಾಳೆ, ನನ್ನನ್ನು ನೋಡಿ ಮೊರ ಕೆಳಗಿಟ್ಟಳು, ಈಗ್ ಬಂದ್ರಾ ಅಂದಳು. ಚಿಕ್ಕಮಾದಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾಳೆ, ತೆಳ್ಳಗಾಗಿದ್ದಾಳೆ, ಕೂತಲ್ಲಿಂದಲೇ, ಕೂತ್ಕಳಿ ಮಿಸ್, ಇಷ್ಟ್ ದೂರ ಯಾಕ್ ಬರಕೋದ್ರಿ, ಅನ್ನುತ್ತಾಳೆ, ಅದೇ ಮೆಲುದನಿ. ಕ್ಷಮಿಸು ಅನ್ನಲು ಬಂದವಳು, ಡಾಕ್ಟರು ಏನಂದ್ರು, ಎಂದು ಕೇಳಿದೆ. ನರ ಅರ್ದೈತಂತೆ, ಅವತ್ತೇ ನಿಲ್ಸಿದ್ರೆ ಸಣ್ಣದ್ರಲ್ಲಿ ಮುಗೀತಿತ್ತಂತೆ, ಆಮೇಲೆ ಓಡಾಡಿದ್ದಕ್ಕೆ ಪೂರ ಹೋಯ್ತಂತೆ, ಆಪರೇಶನ್ ಮಾಡುಸ್ಬೇಕಂತೆ ಮೈಸೂರಲ್ಲಿ — ಯಾರದೋ ಸುದ್ದಿ ಹೇಳುವ ಹಾಗೆ ಹೇಳುತ್ತಾಳೆ. ನಾನು ಕರ್ಕೊಂಡು ಹೋಗ್ತೀನಿ, ಅಂದೆ. ಅವಳು ಮಂಡಿಯ ಮೇಲೆ ಬಟ್ಟೆ ಎಳೆದುಕೊಂಡಳು.

ಆಮೇಲೆ ಅವಳೇ, ಸೌಂದರ್ಯನ ನಡುವಿಂದ ತೆಗೀರಿ ಮಿಸ್, ಅಂದಳು. ನಾನು ಬೆಚ್ಚಿದೆ. ಅವ್ಳಿಗೆ ಓಟ ಐತೆ, ಬಲಕ್ಕಾಕಿ, ಹರ್ಷಿತಾನ ನಡುವಿಗೆ ತನ್ನಿ, ಅವ್ಳು ಕೂಗ್ತಾಳೆ, ನಿಮ್ಮೆದುರಿಗೆ ಬಾಯಿಬುಡಲ್ಲ ಅಷ್ಟೇ, ನಾವಿಬ್ರೇ ಇದ್ದಾಗ ನಂಗಿಂತ ಜೋರು — ಗೋಲ್‌ಕೀಪ್ರು ಇನ್ನು ನಾಲ್ಕು ಹೆಜ್ಜೆ ಮುಂದ್ ಬರ್ಲಿ, ಮೊದ್ಲ ತಿಂಗ್ಳು ಚೆಂಡೇ ಕೊಡ್ಬೇಡಿ, ಬರೀ ಸಾಲು ನಡಿಯದು ಕಲೀಲಿ, ಒಬ್ರನ್ನೊಬ್ರು ಕರಿಯದು ಕಲೀಲಿ. ಆಮೇಲಿನ ಪಂದ್ಯಗಳನ್ನ ನೀನು ಎಲ್ಲಿ ನೋಡಿದೆ, ಅಂದೆ. ಹರ್ಷಿತಾ ಎಲ್ಲಾ ವಿಡಿಯೋ ಕಳುಸ್ತಿದ್ಲು, ತಿಂಗ್ಳಿಗೊಂದ್ಸತಿ ಬತ್ತಾಳೆ, ಅಂದಳು. ಅಂದರೆ ಗೊತ್ತಿತ್ತು, ಹರ್ಷಿತಾಗೆ ಎಲ್ಲವೂ ಗೊತ್ತಿತ್ತು, ಮಂಡಿ, ಹಾಡಿ, ಕೊನೆಯ ಮನೆ, ನಾನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು, ನಾನು ಕೇಳಲಿಲ್ಲ, ಅವಳು ತಲೆ ತಗ್ಗಿಸಿ ಲೇಸ್ ಬಿಚ್ಚಿದಳು. ಹಾಗಾದರೆ ನಾನಂದ ಆ ಮಾತೂ ಇಲ್ಲಿಗೆ ಬಂದಿದೆ, ಬಂದಿರಲೇಬೇಕು.

ಶನಿವಾರ ಶನಿವಾರ ಬರ್ತೀಯಾ, ಆಡೋದು ಬೇಡ, ಗೆರೆ ಹತ್ರ ಕುರ್ಚಿ ಹಾಕಿಸ್ತೀನಿ, ನೀನೇ ಕಲಿಸು, ಅಂದೆ, ನನ್ನ ದನಿ ನನಗೇ ಬೇಡುವವಳ ದನಿಯಾಗಿ ಕೇಳಿತು. ಬತ್ತೀನಿ ಮಿಸ್, ಅಂದಳು, ಒಂದ್ ಮಾತು, ಎಲ್ಲಾರ್ನೂ ನಿಲ್ಸಿ ಹೇಳ್ಬೇಕು ನೀವು, ನಾನ್ ಓಡೋಗ್ಲಿಲ್ಲ ಅಂತ, ಮಂಡಿ ಹೋದ್ಮೇಲೂ ಮೈದಾನದಲ್ಲಿ ನೀವೇ ನಿಲ್ಸಿದ್ರಿ ಅದ್ಕೆ ನಿಂತ್ಕಂಡೆ ಅಂತ. ಹೇಳ್ತೀನಿ, ಅಂದೆ. ಹೇಳುತ್ತೇನೆ, ಸೋಮವಾರವೇ, ರೇಣುಕಾಪ್ರಸಾದ್ ಎದುರಿಗೇ ಹೇಳುತ್ತೇನೆ, ಎಲ್ಲಿಂದ ಶುರು ಮಾಡುವುದು, ಟಪ್ ಅಂದದ್ದರಿಂದಲೋ, ಬೆಂಚಿನಲ್ಲಿ ನಿಂತಿದ್ದ ಸೌಂದರ್ಯಳಿಂದಲೋ, ಕಾಡಿನ ಕಡೆಯವರು ಅಂದದ್ದನ್ನೂ ಹೇಳಬೇಕು, ಅದನ್ನು ಬಿಟ್ಟರೆ ಹೇಳಿದ ಹಾಗಾಗುವುದಿಲ್ಲ. ಟೀ ಕಾಯುಸ್ತೀನಿ ತಡೀರಿ, ಅನ್ನುತ್ತಾಳೆ ಚಿಕ್ಕಮಾದಿ, ಬೇಡ ಅನ್ನುವಷ್ಟರಲ್ಲಿ ಏಳಲು ಹೊರಟಿದ್ದಾಳೆ, ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, ಬಲಗಾಲು ನೆಟ್ಟಗೆ ಮುಂದಕ್ಕೆ ಚಾಚಿಕೊಂಡೇ ಇದೆ, ಮಡಚುವುದಿಲ್ಲ, ಎಡಗಾಲಿನ ಮೇಲೆ ಇಡೀ ಮೈ ಎಳೆದುಕೊಳ್ಳುತ್ತಾಳೆ, ನಾನು ಕೈ ಚಾಚಿದ್ದೇನೆ, ಅವಳು ನೋಡಲಿಲ್ಲ, ಅಥವಾ ನೋಡಿದಳು, ಕಂಬವನ್ನೇ ಹಿಡಿದಳು — ಇಪ್ಪತ್ತಮೂರು ವರ್ಷದ ಹುಡುಗಿ, ಎರಡೂ ಕೈ, ಕಂಬ, ಅರ್ಧ ಎದ್ದು ಉಸಿರಿಗೆ ನಿಂತಳು, ಮತ್ತೆ ಎರಡೂ ಕೈ, ಇನ್ನಷ್ಟು ಮೇಲೆ, ಕಂಬ —